ಕೆನನ್ ಪಿನ್‌ಗೆ ನಾನೇ ಇಟ್ಟ ಪರೀಕ್ಷೆ: ನನ್ನ ಅನುಭವ

ನಾನು ಯಕ್ಷಗಾನ ಮೇಳಕ್ಕೆ ಸೌಂಡ್ ಹಾಕುವವನು. ಈ ಸಲ ಪತ್ತನಾಜೆಗೆ (ಮೇ ಕೊನೆಗೆ ಮೇಳದ ತಿರುಗಾಟ ಮುಗಿಯುವ ದಿನ) ಮೇಳ ಗೆಜ್ಜೆ ಬಿಚ್ಚಿದಾಗ ನನ್ನ ರಿಪೇರಿ ಡಬ್ಬಿಯಲ್ಲಿ ಇದ್ದದ್ದು 9 ಕೆಟ್ಟ ಮೈಕ್ ಕೇಬಲ್. ಎರಡು ವರ್ಷದ ಹಿಂದೆ ಇದೇ ಹೊತ್ತಿಗೆ 60ಕ್ಕೂ ಜಾಸ್ತಿ ಇದ್ದವು. ಡಬ್ಬಿ ತುಂಬಿ ಗೋಣಿಚೀಲಕ್ಕೆ ಬಂದಿದ್ದವು. ಸೆಟ್ ಅದೇ, ಹುಡುಗರು ಅವರೇ, ಪಿಕಪ್ ಗಾಡಿ ಅದೇ. ಬದಲಾದದ್ದು ಕೆನನ್ ಪಿನ್ (ಮೈಕ್ ಕೇಬಲಿನ ತುದಿಗೆ ಹಾಕುವ, ಒಳಗೆ 1, 2, 3 ಅಂತ ಮೂರು ಕಾಲು ಇರುವ ಎಕ್ಸ್‌ಎಲ್‌ಆರ್ ಕನೆಕ್ಟರ್) ಮತ್ತು ಅದನ್ನು ಕೇಬಲ್‌ಗೆ ಕೂರಿಸುವ ರೀತಿ. ಏನನ್ನು ಬದಲಾಯಿಸಬೇಕು ಅಂತ ತಿಳಿಯಲು ಒಂದು ಮಳೆಗಾಲ ಪೂರ್ತಿ ಪಿನ್‌ಗಳನ್ನು ಎಳೆದೆ, ಬಗ್ಗಿಸಿದೆ, ಉಪ್ಪುನೀರಿನ ಹೊಗೆಯಲ್ಲಿ ಇಟ್ಟೆ. "ಜಾತ್ರೆ ಸೌಂಡಿನವನಿಗೆ ಲ್ಯಾಬೊರೇಟರಿ ಯಾಕೆ ಮಾರಾಯ" ಅಂದಿದ್ದವರು ಈಗ ಫೋನ್ ಮಾಡಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದುಬಿಡೋಣ ಅನ್ನಿಸಿತು.

ಶುರುವಾದದ್ದು ಒಂದು ರಾತ್ರಿಯಿಂದ. ಕುಂದಾಪುರದ ಕಡೆ, ಕಡಲಿಗೆ ಹತ್ತಿರದ ಗದ್ದೆಯಲ್ಲಿ ಆಟ. ಮಹಿಷಾಸುರ ದೊಂದಿ ಹಿಡಿದವರ ಜೊತೆ ಜನರ ನಡುವಿನಿಂದ ಬರುವ ಹೊತ್ತು. ರಂಗಸ್ಥಳದ ಮೇಲೆ ನೇತುಹಾಕಿದ್ದ ಕಂಡೆನ್ಸರ್ ಮೈಕಿನ ಲೈನು ಪಟಾರ್ ಅಂತ ಹೊಡೆಯಿತು. 48 ವೋಲ್ಟ್ ಫ್ಯಾಂಟಮ್ (ಮಿಕ್ಸರಿನಿಂದ ಅದೇ ಕೇಬಲಿನಲ್ಲಿ ಮೈಕಿಗೆ ಹೋಗುವ ಕರೆಂಟು) ಇರುವ ಲೈನಿನಲ್ಲಿ ಪಿನ್ ಒಂದು ಕ್ಷಣ ಬಿಟ್ಟು ಕೂತರೆ ಸ್ಪೀಕರಿನಲ್ಲಿ ಸಿಡಿದ ಹಾಗೆ ಸದ್ದು. ಮೊದಲ ಸಲ ಜನ ಗರ್ನಾಲು (ಸಿಡಿಮದ್ದು) ಅಂದುಕೊಂಡು ಕೂಗಿದರು. ಎರಡನೇ ಸಲ ಭಾಗವತರು ಹಾಡುತ್ತಲೇ ನನ್ನ ಕಡೆ ನೋಡಿದರು. ಮೂರನೇ ಸಲಕ್ಕೆ ಒಂದು ಹೈ ಡ್ರೈವರಿನ (ಏರು ಸ್ವರದ ಸ್ಪೀಕರ್) ಡಯಾಫ್ರಂ, ಅಂದರೆ ಸದ್ದು ಮಾಡುವ ಪರೆ, ಹೋಯಿತು. ಅದಕ್ಕೆ ಸುಮಾರು 3,500 ರೂಪಾಯಿ. ಕೈಕೊಟ್ಟ ಪಿನ್ನಿನ ಬೆಲೆ 55 ರೂಪಾಯಿ.

ಬೆಳಿಗ್ಗೆ ಆ ಪಿನ್ ಬಿಚ್ಚಿ ನೋಡಿದೆ. ಪಿನ್ ಹೊಳೆಯುತ್ತಿತ್ತು, ಸಾಕೆಟ್ಟಿನ ಹಿಡಿತ ಬಿಗಿಯಾಗಿತ್ತು, ಬೆಸುಗೆ ಗಟ್ಟಿ ಇತ್ತು. ಆದರೆ ಬೆಸುಗೆಯಿಂದ ಮೂರು ಮಿಲಿಮೀಟರ್ ಹಿಂದೆ, ಪ್ಲಾಸ್ಟಿಕ್ ಹೊದಿಕೆಯ ಒಳಗೆ, ತಂತಿ ತುಂಡಾಗಿತ್ತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಬೆರಳಲ್ಲಿ ಬಗ್ಗಿಸಿದರೆ ಹೊದಿಕೆ ಮಾತ್ರ ರಬ್ಬರಿನಂತೆ ಮಣಿಯುತ್ತಿತ್ತು, ಒಳಗೆ ಎಳೆಯೇ ಇಲ್ಲ.

ಆಗ ಒಂದು ಲೆಕ್ಕ ಹಾಕಿದೆ. ಪಿನ್ ಮಾಡುವ ಒಳ್ಳೆಯ ಕಂಪನಿಗಳು ಕೊಡುವ ಗ್ಯಾರಂಟಿ ಮಾತು ಏನು? ನ್ಯೂಟ್ರಿಕ್‌ನ ಎಕ್ಸ್‌ಎಕ್ಸ್ ಸರಣಿಯ ಕಾಗದದಲ್ಲಿ 1000 ಸಲಕ್ಕಿಂತ ಜಾಸ್ತಿ ಹಾಕಿ ತೆಗೆಯಬಹುದು ಅಂತ ಇದೆ. ನಮ್ಮ ಮೇಳದ ತಿರುಗಾಟ ನವೆಂಬರಿಂದ ಮೇ ತನಕ, ಸುಮಾರು 180 ಆಟ. ದಿನಕ್ಕೆ ಒಂದು ಸಲ ಹಾಕುವುದು, ಒಂದು ಸಲ ತೆಗೆಯುವುದು. ಹೆಚ್ಚೆಂದರೆ ಸೀಸನ್ನಿಗೆ 200. ಅಂದರೆ ಐದು ವರ್ಷ ಬರಬೇಕು. ಅಗ್ಗದ ಪಿನ್ ಅದರ ಅರ್ಧ ಬಂದರೂ ಎರಡು ವರ್ಷ. ನನ್ನವು ಜನವರಿಗೇ ಸಾಯುತ್ತಿದ್ದವು. ಅಂದಮೇಲೆ ಹಾಕಿ ತೆಗೆದು ಸವೆದು ಸಾಯುತ್ತಿಲ್ಲ, ಬೇರೆ ಏನೋ ಕೊಲ್ಲುತ್ತಿದೆ ಅಲ್ವಾ?

ಆದರೂ ಮೊದಲು ಕಟ್ಟಿದ್ದು ಹಾಕಿ ತೆಗೆಯುವ ಯಂತ್ರವನ್ನೇ. ಗುಜರಿಯಿಂದ ಹಳೇ ಕಾರಿನ ವೈಪರ್ ಮೋಟರ್ ತಂದೆ, 400 ರೂಪಾಯಿ. ನಿಧಾನದ ಸ್ಪೀಡಿನಲ್ಲಿ ನಿಮಿಷಕ್ಕೆ ಸುಮಾರು 45 ಸುತ್ತು. ಅದಕ್ಕೆ ಕ್ರ್ಯಾಂಕ್ ಕೂರಿಸಿ, ಒಂದು ಕಡೆ ಗಂಡು ಪಿನ್, ಇನ್ನೊಂದು ಕಡೆ ಹೆಣ್ಣು. ಮೂರು ದಿನದಲ್ಲಿ 12 ಪಿನ್ ಮುರಿಯಿತು, ಒಳ್ಳೆಯದು ಅಗ್ಗದ್ದು ಎಲ್ಲಾ ಸೇರಿ. ಕ್ರ್ಯಾಂಕ್ ನೇರವಾಗಿ ತಳ್ಳುತ್ತಿರಲಿಲ್ಲ, ಓರೆಯಾಗಿ ಒತ್ತುತ್ತಿತ್ತು. ಪರೀಕ್ಷೆ ಪಿನ್ನಿಗಲ್ಲ, ನನ್ನ ಬಡಗಿ ಕೆಲಸಕ್ಕೆ ಆಗುತ್ತಿತ್ತು. ಸುಮಾರು 2,000 ರೂಪಾಯಿ ನೀರಿಗೆ. ಆಮೇಲೆ ಅಡುಗೆಮನೆ ಡ್ರಾಯರಿಗೆ ಹಾಕುವ ಬಾಲ್ ಬೇರಿಂಗ್ ಚಾನೆಲ್ ಮೇಲೆ ಗಂಡು ಪಿನ್ನನ್ನು ಕೂರಿಸಿದೆ. ಅವತ್ತಿಂದ ಸರಿಯಾಯಿತು. ಹೆಣ್ಣು ಪಿನ್ನಿನ ಕೊಂಡಿಯನ್ನು ಪ್ರತಿ ಸಲ ಒತ್ತಿ ಬಿಡಿಸಬೇಕಲ್ಲ, ಅದಕ್ಕೆ ನಾನು ಮಾಡಿದ ಏರ್ಪಾಡು ಮಾತ್ರ ಇಲ್ಲಿ ಹೇಳುವುದಿಲ್ಲ. ಎರಡು ವಾರ ನಿದ್ದೆಗೆಟ್ಟು ಹುಡುಕಿದ್ದು.

ಪಿನ್ನಿನ ರೆಸಿಸ್ಟೆನ್ಸ್ ಅಳೆಯುವುದು ಹೇಗೆ ಅನ್ನುವುದು ಮುಂದಿನ ತಲೆನೋವು. ಸಾದಾ ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ಪಿನ್ನಿನ ಮಿಲಿಓಮ್ (ಓಮಿನ ಸಾವಿರದಲ್ಲಿ ಒಂದು ಪಾಲು) ಕಾಣುವುದೇ ಇಲ್ಲ, ಪ್ರೋಬಿನ ತಂತಿಯ ಓಮ್ ಅದಕ್ಕಿಂತ ಜಾಸ್ತಿ. ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿಯಲು ಎಲ್‌ಎಂ317 ಐಸಿಗೆ 10 ಓಮಿನ ಎಂಟು ರೆಸಿಸ್ಟರ್ ಪ್ಯಾರಲಲ್ ಕೊಟ್ಟೆ. 1.25 ಓಮ್ ಆಯಿತು, ಸರಿಯಾಗಿ 1 ಆಂಪಿಯರ್ ಬಂತು. ಅದನ್ನು ಪಿನ್ನಿನ ಮೂಲಕ ಹರಿಸಿ, ಬೇರೆ ಎರಡು ತಂತಿಯಿಂದ ಪಿನ್ನಿನ ಎರಡು ತುದಿಯ ವೋಲ್ಟೇಜ್ 200 ಮಿಲಿವೋಲ್ಟ್ ರೇಂಜಿನಲ್ಲಿ ನೋಡುವುದು. ಮೀಟರ್ 2.0 ಅಂದರೆ 2 ಮಿಲಿಓಮ್. ಐಸಿಗೆ ದೊಡ್ಡ ಹೀಟ್‌ಸಿಂಕ್ ಬೇಕು, ಮರೆಯಬೇಡಿ. ಖರ್ಚು 150 ರೂಪಾಯಿ ಒಳಗೆ.

ಒಳ್ಳೆಯ ಪಿನ್ ಹೊಸದರಲ್ಲಿ 2ರ ಆಸುಪಾಸು ತೋರಿಸಿತು. ಕಂಪನಿ ಹೇಳುವುದು 3ರ ಒಳಗೆ. 1000 ಸಲ ಆದಮೇಲೂ ಹೆಚ್ಚು ಏರಲಿಲ್ಲ. ಅಗ್ಗದವು ಹೊಸದರಲ್ಲೇ 6, 7. ಅವುಗಳಲ್ಲಿ ಚಿನ್ನದ ಬಣ್ಣದ್ದು ಒಂದಿತ್ತು, ನೋಡಲು ಮದುಮಗಳ ಹಾಗೆ. 300 ಸಲಕ್ಕೆ ಪಿನ್ನಿನ ಒಂದು ಬದಿಯಲ್ಲಿ ಗೆರೆ ಬಿದ್ದು ಹಿತ್ತಾಳೆ ಕಂಡಿತು. ಆದರೆ ನಿಜ ಹೇಳಬೇಕೆಂದರೆ 7 ಆಗಲಿ 20 ಆಗಲಿ, ಮೈಕ್ ಲೈನಿನಲ್ಲಿ ಕಿವಿಗೆ ಏನೂ ಗೊತ್ತಾಗುವುದಿಲ್ಲ. ಸಂಖ್ಯೆ ಏರುತ್ತಿದೆ ಅಂದರೆ ಲೇಪ ಹೋಗುತ್ತಿದೆ ಅಂತ ಅರ್ಥ, ಅಷ್ಟೇ. ಲೇಪ ಹೋದ ಪಿನ್ನು ಕಡಲ ಗಾಳಿಗೆ ಸಿಕ್ಕಿದರೆ ಏನು ಅನ್ನುವುದು ಬೇರೆ ಪ್ರಶ್ನೆ.

ಅದಕ್ಕೆ ಉಪ್ಪಿನ ಡಬ್ಬಿ. ದೊಡ್ಡ ಕಂಪನಿಗಳ ಉಪ್ಪುಮಂಜಿನ ಪರೀಕ್ಷೆಯಲ್ಲಿ ನೂರಕ್ಕೆ 5 ಉಪ್ಪು, 35 ಡಿಗ್ರಿ ಬಿಸಿ. ನಾನು ಅಷ್ಟೇ ಉಪ್ಪು ಹಾಕಿ, ಮಂಜು ಎಬ್ಬಿಸುವ ಅಲ್ಟ್ರಾಸಾನಿಕ್ ಬಿಲ್ಲೆಯನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಟ್ಟೆ. ಬಿಲ್ಲೆ ನಾಲ್ಕು ದಿನಕ್ಕೆ ಒಂದರಂತೆ ಸುಟ್ಟಿತು, ಒಟ್ಟು ಆರೇಳು ಹೋಗಿರಬೇಕು. ಹೊಸ ಅಗ್ಗದ ಪಿನ್ ವಾರದಲ್ಲಿ ಅಲ್ಲಲ್ಲಿ ಹಸಿರಾಯಿತು. ಮೊದಲೇ 300 ಸಲ ಯಂತ್ರದಲ್ಲಿ ಸವೆದದ್ದು ಎರಡೇ ದಿನಕ್ಕೆ ಹಸಿರು. ಮೀಟರ್ 40 ದಾಟಿ ಕುಣಿಯಲು ಶುರು ಮಾಡಿತು. ಅಂದರೆ ಬರೀ ಸವೆತ ಕೊಲ್ಲುವುದಿಲ್ಲ, ಬರೀ ಉಪ್ಪೂ ಬೇಗ ಕೊಲ್ಲುವುದಿಲ್ಲ. ಎರಡೂ ಸೇರಿದರೆ ಕಥೆ ಮುಗಿಯಿತು. ಒಂದೊಂದನ್ನೇ ಬೇರೆ ಬೇರೆ ಪರೀಕ್ಷೆ ಮಾಡಿದ್ದರೆ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಬೆಳ್ಳಿ ಲೇಪದ ಪಿನ್ ಕಪ್ಪಾದದ್ದು ನೋಡಿ ಮೊದಲು ಹೆದರಿದೆ. ನಾಲ್ಕು ಸಲ ಹಾಕಿ ತೆಗೆದಾಗ ಕಪ್ಪು ಉಜ್ಜಿಹೋಗಿ ಮೀಟರ್ ಮತ್ತೆ 2ರ ಹತ್ತಿರ ಬಂತು. ಕಪ್ಪಿಗೆ ಹೆದರಬೇಡಿ, ಹಸಿರಿಗೆ ಹೆದರಿ.

ಇನ್ನು ಮುಖ್ಯದ್ದು, ಬಗ್ಗಿಸುವ ಪರೀಕ್ಷೆ. ಪಿನ್ನನ್ನು ವೈಪರ್ ಮೋಟರಿನ ತೋಳಿಗೆ ಕಟ್ಟಿ ಆ ಕಡೆ ಈ ಕಡೆ ತೂಗುವುದು. ಕೇಬಲಿನ ಕೆಳಗೆ 1 ಲೀಟರ್ ನೀರಿನ ಬಾಟಲಿ, ಅಂದರೆ 1 ಕೆಜಿ ಭಾರ. ಕೇಬಲ್ ತುಂಡಾದದ್ದು ಗೊತ್ತಾಗಲು ಮೊದಲು ಮೀಟರಿನ ಬೀಪ್ ನಂಬಿದೆ. ಅಲ್ಲಿ ಎಡವಿದೆ. ಮೊದಲ ಬಿರುಕು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಬಿಟ್ಟು ಕೂಡುತ್ತದೆ, ಬೀಪ್ ನಿಲ್ಲುವುದೇ ಇಲ್ಲ. ಮೀಟರ್ ಸರಿ ಅಂದ ಕೇಬಲನ್ನು ಮಿಕ್ಸರಿಗೆ ಹಾಕಿದರೆ ಪಟಪಟ ಅನ್ನುತ್ತಿತ್ತು.

ಆಗ ಹೊಳೆದದ್ದು: ನಮಗೆ ತೊಂದರೆ ಕೊಡುವ ಫ್ಯಾಂಟಮ್ಮನ್ನೇ ಕಾವಲಿಗೆ ಇಡೋಣ. ಕೇಬಲಿನ ತುದಿಗೆ ಮೈಕಿನ ಬದಲು ಎರಡು ರೆಸಿಸ್ಟರ್, ಪಿನ್ 2ರಿಂದ 1ಕ್ಕೆ, 3ರಿಂದ 1ಕ್ಕೆ (ಪಿನ್ 1, 2, 3 ಅಂದರೆ ಇಲ್ಲಿ ಒಳಗಿನ ಕಾಲುಗಳು). ಮಿಕ್ಸರಿನಲ್ಲಿ 48 ವೋಲ್ಟ್ ಆನ್. ಔಟ್‌ಪುಟ್ ಲ್ಯಾಪ್‌ಟಾಪಿಗೆ, ರಾತ್ರಿಯಿಡೀ ರೆಕಾರ್ಡಿಂಗ್. ತಂತಿ ಎಷ್ಟೇ ಚಿಕ್ಕ ಹೊತ್ತು ಬಿಟ್ಟರೂ ಫೈಲಿನಲ್ಲಿ ಮುಳ್ಳಿನಂತೆ ಗೆರೆ. ಬೆಳಿಗ್ಗೆ ಎದ್ದು ಮೊದಲ ಮುಳ್ಳು ಎಷ್ಟು ಹೊತ್ತಿಗೆ ಅಂತ ನೋಡಿದರೆ ಎಷ್ಟನೇ ತೂಗಿಗೆ ಹೋಯಿತು ಅಂತ ಲೆಕ್ಕ ಸಿಗುತ್ತದೆ.

ಇಲ್ಲೂ ಎರಡು ಪೆಟ್ಟು ತಿಂದೆ. ಮೊದಲನೆಯದು, ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಕೆಳಗೆ ಇಳಿಸದೆ ಶುರು ಮಾಡಿ ಹಳೇ ಮಿಕ್ಸರಿನ ಒಂದು ಚಾನೆಲ್ ಸುಟ್ಟೆ, ರಿಪೇರಿ 2,800. ಗೇನ್ ಪೂರ್ತಿ ಕೆಳಗೆ, ಸಿಗ್ನಲ್ ತಗ್ಗಿಸುವ ಪ್ಯಾಡ್ ಬಟನ್ ಒತ್ತಿ, ಆಮೇಲೆ ಮುಟ್ಟಿ. ಎರಡನೆಯದು ಇನ್ನೂ ದೊಡ್ಡದು. ಎರಡೂ ಕಡೆ 6.8 ಕೆ (ಕಿಲೋಓಮ್) ರೆಸಿಸ್ಟರ್ ಹಾಕಿದ್ದೆ. ಪಿನ್ 2, 3 ಬಿಟ್ಟರೆ ಮುಳ್ಳು ಬರುತ್ತಿತ್ತು, ಪಿನ್ 1 ಬಿಟ್ಟರೆ ಏನೂ ಇಲ್ಲ. ಒಂದು ವಾರದ ರೆಕಾರ್ಡಿಂಗ್ ವ್ಯರ್ಥ. ಶೀಲ್ಡ್ (ಪಿನ್ 1ರ ತಂತಿ) ಬಿಟ್ಟಾಗ 2 ಮತ್ತು 3 ಎರಡೂ ಒಟ್ಟಿಗೆ 48ರ ಕಡೆ ಏರುತ್ತವೆ, ಬ್ಯಾಲೆನ್ಸ್ಡ್ ಇನ್‌ಪುಟ್ 2 ಮತ್ತು 3ರ ವ್ಯತ್ಯಾಸ ಮಾತ್ರ ನೋಡುವುದರಿಂದ ಅದನ್ನು ಕಳೆದುಬಿಡುತ್ತದೆ. ಒಂದು ಕಡೆ 4.7 ಕೆ ಮಾಡಿದೆ. ಜೋಡಿ ತಪ್ಪಿಸಿದ್ದರಿಂದ ಮೂರೂ ಪಿನ್ ಸಿಕ್ಕಿಬಿದ್ದವು. ಇದನ್ನು ಬೇರೆ ಯಾರೂ ಮಾಡಿದ್ದು ನಾನು ನೋಡಿಲ್ಲ. ನನಗೆ ಹೆಮ್ಮೆ ಇದೆ.

ಫಲಿತಾಂಶ ನೆನಪಿನಿಂದ ಹೇಳುತ್ತೇನೆ. ಎರಡು ಸ್ಕ್ರೂ ಹಾಕಿ ಕೇಬಲನ್ನು ಅದುಮುವ ಅಗ್ಗದ ಪಿನ್ 400ರಿಂದ 700 ತೂಗಿಗೆ ಮೊದಲ ಮುಳ್ಳು ಕೊಟ್ಟಿತು. ಸುತ್ತಲೂ ಕಚ್ಚಿ ಹಿಡಿಯುವ ಚಕ್ ಇರುವ ಪಿನ್ 6,000 ದಾಟಿಯೂ ಸುಮ್ನೆ ಇತ್ತು, ನಾನೇ ನಿಲ್ಲಿಸಿದೆ. ಆದರೆ ಆಶ್ಚರ್ಯ ಬೇರೆ ಕಡೆ ಇತ್ತು. ಅದೇ ಒಳ್ಳೆಯ ಪಿನ್ನನ್ನು ನನ್ನ ಹುಡುಗ ಬೆಸೆದು ಕೊಟ್ಟಾಗ 900ಕ್ಕೇ ಹೋಯಿತು. ಸೀಳಿ ನೋಡಿದರೆ ಆ ಕುಂದಾಪುರದ ರಾತ್ರಿಯದ್ದೇ ಗುರುತು. ಸೀಸ ಜಾಸ್ತಿ ಕುಡಿಸಿದ್ದಾನೆ. ಅದು ಎಳೆಗಳ ನಡುವೆ ಹೀರಿಕೊಂಡು ಹೊದಿಕೆಯ ಒಳಗೆ ಹೋಗಿ ತಂತಿಯನ್ನು ಕಡ್ಡಿ ಮಾಡಿದೆ. ಕಡ್ಡಿ ಎಲ್ಲಿ ಮುಗಿಯುತ್ತದೋ ಅಲ್ಲೇ ಬಾಗಿ ಬಾಗಿ ತುಂಡಾಗಿದೆ. ಮತ್ತೆ, ಚಕ್ ಹಿಡಿಯಲು ಕೇಬಲಿನ ಹೊರ ಹೊದಿಕೆಯೇ ಒಳಗೆ ತಲುಪಿರಲಿಲ್ಲ, ಒಳ ತಂತಿಗಳನ್ನೇ ಕಚ್ಚಿತ್ತು.

ಆಮೇಲೆ ನಿಯಮ ಮಾಡಿದೆ. ಹೊರ ಹೊದಿಕೆ ಚಕ್ಕಿನ ಒಳಗೆ ಪೂರ್ತಿ ಹೋಗಬೇಕು. ತಂತಿ ಬಿಚ್ಚುವುದು 4 ಮಿಲಿಮೀಟರ್ ಮಾತ್ರ. ಐರನ್ ತುದಿ 350 ಡಿಗ್ರಿ, ಮೂರು ಸೆಕೆಂಡ್, ಎತ್ತು. ಬೆಸೆಯುವಾಗ ಎದುರು ಪಿನ್ ಒಂದನ್ನು ಸಿಕ್ಕಿಸಿಟ್ಟರೆ ಬಿಸಿಗೆ ಪಿನ್ ವಾಲುವುದಿಲ್ಲ, ಪ್ಲಾಸ್ಟಿಕ್ ಮೆತ್ತಗಾದರೂ ಸಾಲು ತಪ್ಪುವುದಿಲ್ಲ. ದಪ್ಪ ಸಾಲದು ಅಂತ ಇನ್ಸುಲೇಷನ್ ಟೇಪ್ ಸುತ್ತುವುದು ಬಂದ್. ಪಿಕಪ್ಪಿನ ಬಿಸಿಲಿಗೆ ಅದರ ಅಂಟು ಕರಗಿ ಕೇಬಲ್ ಜಾರುತ್ತದೆ. ಪಿನ್ನಿನ ಬಾಲದ ಮೇಲೆ ಎರಡು ಪದರ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕುತ್ತೇನೆ. ಆ ಎರಡು ಪದರದ ನಡುವೆ ಇನ್ನೊಂದು ವಸ್ತು ಇದೆ. ಅದು ಸದ್ಯ ನನ್ನ ಹತ್ತಿರವೇ ಇರಲಿ.

ನಡುವೆ ಬೇರೆ ಬೇರೆ ಪ್ರಯೋಗಕ್ಕೂ ಕೈ ಹಾಕಿದೆ. ತೆಂಗಿನೆಣ್ಣೆ ಸವರಿದರೆ ಉಪ್ಪು ತಡೆಯುತ್ತದಾ ಅಂತ ನೋಡಿದೆ. ಹತ್ತು ದಿನ ಚೆನ್ನಾಗಿತ್ತು, ಆಮೇಲೆ ಜಿಗುಟಾಗಿ ಗದ್ದೆಯ ಧೂಳೆಲ್ಲ ಹಿಡಿಯಿತು, ಇರುವೆಯೂ ಬಂತು. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಪರವಾಗಿಲ್ಲ. ಎದೆ ಎತ್ತರದಿಂದ ಕೆಂಪುಕಲ್ಲಿನ ಮೇಲೆ ಪಿನ್ ಬೀಳಿಸಿದೆ, ಒಂದೊಂದು 50 ಸಲ. ಒಳ್ಳೆಯದಕ್ಕೆ ಗೀಚು ಮಾತ್ರ. ಪಿಕಪ್ಪಿನ ಚಕ್ರಕ್ಕೆ ಕೊಟ್ಟಾಗ ಗಂಡು ಪಿನ್ನಿನ ಬಾಯಿ ಮೊಟ್ಟೆಯಾಕಾರ ಆಯಿತು, ಬೆಲೆಯ ಭೇದ ಇಲ್ಲದೆ. ಗಾಡಿ ದಾರಿಯಲ್ಲಿ ಕೇಬಲ್ ಜೋಡಣೆ ಇಡಬೇಡಿ, ಅದಕ್ಕೆ ಬೇರೆ ಔಷಧ ಇಲ್ಲ.

ದುಡ್ಡಿನ ವಿಷಯ. ಪರೀಕ್ಷೆಗೆ ಎಲ್ಲಾ ಸೇರಿ 23,000 ಆಗಿರಬೇಕು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಂದ ಪಿನ್‌ಗಳದ್ದೇ. ಆಮೇಲೆ 120 ಕೇಬಲಿಗೆ 240 ಪಿನ್, ಒಂದಕ್ಕೆ 280ರಂತೆ, ಹತ್ತಿರ ಹತ್ತಿರ 67,000. ಸೊಸೈಟಿಯಲ್ಲಿ ಸಾಲ ಮಾಡಿದೆ. ಮೊದಲ ಕಂತು ಕಟ್ಟುವಾಗ ಮನೆಯಲ್ಲಿ ಮಾತು ಕೇಳಬೇಕಾಯಿತು. ಅದಕ್ಕೂ ಮುಂಚೆ ಪೇಟೆಯ ಒಂದು ಅಂಗಡಿಯಲ್ಲಿ 160ಕ್ಕೆ ಅದೇ ಮಾಲು ಅಂತ 20 ತಂದಿದ್ದೆ. ಪೊಟ್ಟಣ ಅದೇ, ಅಕ್ಷರ ಅದೇ. ತೂಕ ಮಾಡಿದರೆ ಹಗುರ, ಮೀಟರಿಗೆ ಇಟ್ಟರೆ 8. ನಕಲಿ. ಯಂತ್ರ ಇಲ್ಲದಿದ್ದರೆ 240ನ್ನೂ ಅಲ್ಲೇ ತರುತ್ತಿದ್ದೆ, ಅದಕ್ಕೇ ಆ 23,000 ನನಗೆ ಖರ್ಚು ಅನ್ನಿಸುವುದಿಲ್ಲ. ಮೊದಲು ಸೀಸನ್ನಿಗೆ ಪಿನ್ನು, ಡಯಾಫ್ರಂ, ರಿಪೇರಿ ಕೂಲಿ ಸೇರಿ 30,000 ಹೋಗುತ್ತಿತ್ತು. ಈ ಸಲ 4,000 ಆಗಿರಬಹುದು. ಆ ಕುಂದಾಪುರದ ಗದ್ದೆಯಲ್ಲಿ ಈ ಸಲವೂ ಆಟ ಇತ್ತು, ಮಹಿಷಾಸುರ ಬಂದ. ಸದ್ದು ಮಾಡಿದ್ದು ಗರ್ನಾಲು ಮಾತ್ರ.

ಆ 9 ಕೇಬಲನ್ನು ಕಳೆದ ವಾರ ಒಂದೊಂದಾಗಿ ಸೀಳಿ ನೋಡಿದೆ. ಮೂರು ಇಲಿ ಕಡಿದದ್ದು, ಎರಡು ಚಕ್ರದ ಅಡಿ ಹೋದದ್ದು. ಎರಡರಲ್ಲಿ ಹಳೇ ಅಗ್ಗದ ಪಿನ್ ಹೇಗೋ ಉಳಿದುಕೊಂಡಿತ್ತು. ಇನ್ನೆರಡರಲ್ಲಿ ಬೆಸುಗೆ ಸರಿ, ತಂತಿ ಸರಿ, ಮೀಟರ್ 2. ಆದರೂ ತಿಂಗಳ ಹಿಂದೆ ಒಂದು ರಾತ್ರಿ ಎರಡೂ ಪಟಪಟ ಅಂದಿದ್ದವು. ಮೊನ್ನೆಯಿಂದ ಅವು ಯಂತ್ರದ ಮೇಲಿವೆ, ಬಾಟಲಿ ಕಟ್ಟಿ ತೂಗುತ್ತಿದ್ದೇನೆ. ಇವತ್ತು ಬೆಳಿಗ್ಗೆಯ ತನಕ ಒಂದು ಮುಳ್ಳೂ ಬಂದಿಲ್ಲ.