ಪೋರ್ಟಬಲ್ ಜನರೇಟರ್‌ನಲ್ಲಿ ಇನ್ವರ್ಟರ್ ಬ್ಯಾಟರಿ ಚಾರ್ಜ್: ನನ್ನ ಅನುಭವ

2 ಕೆವಿಎ ಪೆಟ್ರೋಲ್ ಜನರೇಟರ್‌ನಲ್ಲಿ ಇನ್ವರ್ಟರಿನ 150 ಎಎಚ್ (ಆಂಪಿಯರ್-ಅವರ್) ಟ್ಯೂಬ್ಯುಲರ್ ಬ್ಯಾಟರಿ ಚಾರ್ಜ್ ಮಾಡುವುದು ದುಡ್ಡು ಸುಡುವ ಕೆಲಸ ಅಂತ ನಮ್ಮ ತೀರ್ಥಹಳ್ಳಿ ಕಡೆ ಎಲ್ಲರೂ ಹೇಳಿದ್ದರು. ಆದರೂ ಮರ ಬಿದ್ದು ದಿನಗಟ್ಟಲೆ ಲೈನ್ ಇಲ್ಲದ ಮಳೆಗಾಲವನ್ನು ನಾನು ಹಾಗೆ ಚಾರ್ಜ್ ಮಾಡಿಯೇ ದಾಟಿದೆ.

ಮೊದಲು ನೋಡಿದ್ದು ಜನರೇಟರಿನ 12 ವೋಲ್ಟ್ ಡಿಸಿ ಸಾಕೆಟ್. ಅದರಲ್ಲಿ ಬರುವುದು ಎಂಟು ಆಂಪಿಯರ್ ಅಷ್ಟೇ. ಅರ್ಧ ಇಳಿದ ಬ್ಯಾಟರಿಗೆ ಬೆಳಗಿನಿಂದ ಸಂಜೆವರೆಗೆ ಓಡಿಸಬೇಕು. ಐದು ಲೀಟರ್ ಪೆಟ್ರೋಲ್, ಅಂದರೆ ಐನೂರು ರೂಪಾಯಿಗೂ ಜಾಸ್ತಿ! ಆಮೇಲೆ ಇನ್ವರ್ಟರನ್ನೇ ಎಸಿ ಸಾಕೆಟ್‌ಗೆ ಹಾಕಿದೆ. ಯುಪಿಎಸ್ ಮೋಡ್‌ನಲ್ಲಿ (ವೋಲ್ಟೇಜ್ ಸ್ವಲ್ಪ ಏರಿಳಿದರೂ ಒಪ್ಪದ ಸೆಟ್ಟಿಂಗ್) ಅದು ಜನರೇಟರ್ ಕರೆಂಟನ್ನು ಒಪ್ಪಲೇ ಇಲ್ಲ. ಮೋಡ್ ಬದಲಿಸಿದರೆ ಒಪ್ಪಿತು, ಆದರೆ ಫ್ರಿಜ್ ಸ್ಟಾರ್ಟ್ ಆದಾಗೆಲ್ಲ ವೋಲ್ಟೇಜ್ ಕುಸಿದು ಟಕ್ ಅಂತ ಬಿಟ್ಟುಬಿಡುತ್ತಿತ್ತು.

ಕೈಹಿಡಿದದ್ದು 20 ಆಂಪಿಯರ್‌ನ ಪ್ರತ್ಯೇಕ ಬ್ಯಾಟರಿ ಚಾರ್ಜರ್. ನಾಲ್ಕು ಸಾವಿರದ ಹತ್ತಿರ ಕೊಟ್ಟೆ. ಎಸಿ ಸಾಕೆಟ್‌ನಿಂದ ಅದು ಎಳೆಯುವುದು ಮುನ್ನೂರೈವತ್ತು ವ್ಯಾಟ್ ಆಸುಪಾಸು. ಉಳಿದದ್ದರಲ್ಲಿ ಫ್ರಿಜ್ ಓಡುತ್ತದೆ, ಮಿಕ್ಸಿಯೂ ಆಗುತ್ತದೆ. ಸುಮ್ನೆ ಖಾಲಿ ಓಡಿಸಿದರೂ ಜನರೇಟರ್ ಪೆಟ್ರೋಲ್ ಕುಡಿಯುತ್ತದೆ ಅಲ್ವಾ? ಹಾಗಾಗಿ ಎಲ್ಲ ಕೆಲಸ ಚಾರ್ಜಿಗೆ ಹಿಡಿಯುವ ಮೂರು ಗಂಟೆಯಲ್ಲೇ. ಖರ್ಚು ಎರಡು ಲೀಟರ್, ಸ್ವಲ್ಪ ಹೆಚ್ಚುಕಮ್ಮಿ.

ಬ್ಯಾಟರಿ ಪೂರ್ತಿ ತುಂಬಿಸಲು ನಾನು ಹೋಗುವುದೇ ಇಲ್ಲ. ಗುಟ್ಟು ಇರುವುದು ಇಲ್ಲೇ. ಮುಕ್ಕಾಲು ಭಾಗ ಬೇಗ ತುಂಬುತ್ತದೆ, ಕೊನೆಯದಕ್ಕೆ ಗಂಟೆಗಟ್ಟಲೆ ಬೇಕು. ಚಾರ್ಜರಿನ ಆಂಪಿಯರ್ ಮುಳ್ಳು ಅರ್ಧಕ್ಕೆ ಇಳಿಯಿತೋ, ಜನರೇಟರ್ ಆಫ್. ಉಳಿದದ್ದು ಲೈನ್ ಬಂದ ಮೇಲೆ. ಆಗ ಮಾತ್ರ ತಪ್ಪದೆ ಪೂರ್ತಿ ತುಂಬಿಸಿ ಹೈಡ್ರೋಮೀಟರ್ (ಬ್ಯಾಟರಿ ಆಸಿಡ್‌ನ ಸಾಂದ್ರತೆ ಅಳೆಯುವ ಕೊಳವೆ) ಹಾಕಿ ನೋಡುತ್ತೇನೆ. ವಾರಗಟ್ಟಲೆ ಅರೆಬರೆ ಬಿಟ್ಟರೆ ಪ್ಲೇಟ್‌ಗೆ ಸಲ್ಫೇಟ್ ಕೂತು ಬ್ಯಾಟರಿ ಹಾಳಾಗುತ್ತದೆ.

ಡಿಸಿ ಸಾಕೆಟ್ ದಂಡ ಅಂತಲ್ಲ. ಪಕ್ಕದ ಮನೆಯವರ ಜೀಪ್ ಬ್ಯಾಟರಿ ಇಳಿದಾಗ ಟರ್ಮಿನಲ್ ಬಿಚ್ಚಿ ಅದಕ್ಕೆ ಹಾಕಿದೆ. ಒಂದೂವರೆ ಗಂಟೆಯಲ್ಲಿ ಜೀಪ್ ಸ್ಟಾರ್ಟ್ ಆಯಿತು. ಆದರೆ ಬ್ಯಾಟರಿ ತುಂಬಿದ ಮೇಲೂ ಈ ಸಾಕೆಟ್‌ನ ಚಾರ್ಜ್ ತಾನಾಗಿ ನಿಲ್ಲುವುದಿಲ್ಲ, ಪಕ್ಕದಲ್ಲೇ ಇರಬೇಕು.

ಎರಡೂ ತುದಿಗೆ ಪಿನ್ ಹಾಕಿದ ವೈರ್ ಮಾಡಿ ಜನರೇಟರಿನಿಂದ ಮನೆಯ ಸಾಕೆಟ್‌ಗೆ ಚುಚ್ಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಕರೆಂಟ್ ಹೊರಗಿನ ಲೈನ್‌ಗೆ ಹೋದರೆ ಕಂಬದ ಮೇಲಿರುವ ಲೈನ್‌ಮನ್ ಜೀವವೇ ಹೋಗುತ್ತದೆ. ಲೈನ್ ಅಥವಾ ಜನರೇಟರ್, ಒಂದನ್ನು ಮಾತ್ರ ಮನೆಗೆ ಸೇರಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಜನರೇಟರನ್ನು ಜಗುಲಿಯಲ್ಲೂ ಇಡಬೇಡಿ, ಹೊಗೆ ಒಳಗೆ ಬರುತ್ತದೆ.

ಆಗ ಬೇಡ ಅಂದಿದ್ದ ಬ್ಯಾಟರಿ ಅಂಗಡಿಯವರೇ ಈಗ ಇಂಥ ಚಾರ್ಜರ್ ತರಿಸಿ ಮಾರುತ್ತಿದ್ದಾರೆ. ಫ್ರಿಜ್ ಸ್ಟಾರ್ಟ್ ಆದಾಗ ವೋಲ್ಟೇಜ್ ಬೀಳದಂತೆ ನಾನು ಮಾಡಿರುವ ಉಪಾಯ ಮಾತ್ರ ಅವರಿಗೂ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ. ಮನೆಗೆ ಬಂದರೆ ತೋರಿಸುತ್ತೇನೆ.