ಫಿಕ್ಸ್ಚರ್ ಹಾಕುವವನ ಲೆಕ್ಕದ ಪುಸ್ತಕ

ನಮ್ಮೂರಿನ ಸೆವೆನ್ಸ್ (ಏಳೇಳು ಜನರ ಫುಟ್‌ಬಾಲ್) ಲೀಗಿಗೆ ಫಿಕ್ಸ್ಚರ್, ಅಂದರೆ ಯಾರು ಯಾರ ಜೊತೆ ಯಾವಾಗ ಆಡಬೇಕು ಎಂಬ ಪಟ್ಟಿ, ಹಾಕುವ ಕೆಲಸ ಕೆಲವು ವರ್ಷಗಳಿಂದ ನನ್ನ ಕೊರಳಿಗೆ ಬಿದ್ದಿದೆ. ಊರು ಉಪ್ಪಳದಿಂದ ಸ್ವಲ್ಪ ಒಳಗೆ. ಕೊಯ್ಲು ಮುಗಿದ ಗದ್ದೆಯೇ ಮೈದಾನ, ಎಂಟು ಟೀಮು. ಮೊಣಕಾಲು ಕೈಕೊಟ್ಟವನಿಗೆ ಇಂಥ ಕೆಲಸವೇ ಸಿಗುವುದು. ಸಂಬಳ ಇಲ್ಲ, ಬೈಗುಳ ಖಾತ್ರಿ. ಆದರೂ ಒಂದು ಲಾಭ ಆಗಿದೆ. ರಾತ್ರಿ ಚಾ ಅಂಗಡಿಯಲ್ಲಿ ಇಂಗ್ಲೆಂಡಿನ ಕ್ಲಬ್ಬುಗಳ ಮೇಲೆ, ಆರ್ಸೆನಲ್, ಮ್ಯಾಂಚೆಸ್ಟರ್ ಸಿಟಿ, ಲಿವರ್‌ಪೂಲ್ ಅಂತ ಜಗಳ ಎದ್ದಾಗ ಯಾರ ಮಾತಿನಲ್ಲಿ ಹುರುಳಿದೆ, ಯಾರದ್ದು ಬರೀ ಗಾಳಿ ಎಂದು ಬೇಗ ಗೊತ್ತಾಗುತ್ತದೆ.

ಕಾಸರಗೋಡು ಜಿಲ್ಲೆಯಲ್ಲಿ ಫುಟ್‌ಬಾಲ್ ಎಂದರೆ ತೆಂಕು ಕಡೆಯ ತೃಕ್ಕರಿಪುರವನ್ನೇ ಮೊದಲು ಹೇಳಬೇಕು. 2016ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲಿನಲ್ಲಿ ಕೇರಳ ಬ್ಲಾಸ್ಟರ್ಸ್ ಪರ ಗೋಲು ಹೊಡೆದ ಮುಹಮ್ಮದ್ ರಾಫಿ ಅಲ್ಲಿಯವರು. ನಾವು ಬಡಗಿನವರು. ತುಳು, ಬ್ಯಾರಿ, ಮಲಯಾಳ, ಕನ್ನಡ ಎಲ್ಲ ಒಂದೇ ಬೆಂಚಿನಲ್ಲಿ ಕೂತಿರುತ್ತದೆ. ಆ ಬೆಂಚಿನ ಅರ್ಧ ಬ್ಲಾಸ್ಟರ್ಸ್ ಪಾರ್ಟಿ, ಉಳಿದರ್ಧ ಬೆಂಗಳೂರು ಎಫ್‌ಸಿ ಪಾರ್ಟಿ. 2023ರ ಮಾರ್ಚಿನಲ್ಲಿ ಕಂಠೀರವದಲ್ಲಿ ಬೆಂಗಳೂರಿನ ಸುನಿಲ್ ಛೆಟ್ರಿ ಹೊಡೆದ ಆ ಫ್ರೀ ಕಿಕ್, ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರಟದ್ದು, ಆ ವಿಷಯ ಇಲ್ಲಿ ತೆಗೆಯುವುದಿಲ್ಲ. ತೆಗೆದರೆ ಇವತ್ತು ಬೇರೆ ಯಾವ ಮಾತೂ ಆಗುವುದಿಲ್ಲ.

ಇಂಗ್ಲಿಷ್ ಲೀಗಿಗೆ ಬರುತ್ತೇನೆ. "ನಮಗೆ ಮಾತ್ರ ಕಷ್ಟದ ಫಿಕ್ಸ್ಚರ್ ಮಾರಾಯ, ಅವರಿಗೆ ಎಲ್ಲ ಸುಲಭದ್ದು" ಎಂಬ ದೂರು ಪ್ರತಿ ಸೀಸನ್ ಕೇಳುತ್ತೇನೆ. ಇದಕ್ಕೆ ನನ್ನ ಮೊದಲ ಉತ್ತರ ಯಾವಾಗಲೂ ಒಂದೇ. ಪ್ರೀಮಿಯರ್ ಲೀಗಿನಲ್ಲಿ 20 ಟೀಮು. ಪ್ರತಿಯೊಬ್ಬರೂ ಉಳಿದ 19 ಟೀಮುಗಳ ಜೊತೆ ಎರಡೆರಡು ಸಲ ಆಡುತ್ತಾರೆ, ಒಮ್ಮೆ ತಮ್ಮ ಊರಲ್ಲಿ, ಒಮ್ಮೆ ಅವರ ಊರಲ್ಲಿ. ಒಟ್ಟು 38. ಕಷ್ಟದ ಪಾಲು ಎಲ್ಲರಿಗೂ ಒಂದೇ. ಸಣ್ಣ ಒಂದು ವ್ಯತ್ಯಾಸ ಇದೆ: ಲಿವರ್‌ಪೂಲ್‌ನವರು ಲಿವರ್‌ಪೂಲ್ ವಿರುದ್ಧ ಆಡಬೇಕಾಗಿಲ್ಲ. ಬಲಿಷ್ಠ ಟೀಮಿಗೆ ಅಷ್ಟರ ಮಟ್ಟಿಗೆ ಲಾಭವೇ. ಇದನ್ನು ಹೇಳಿದರೆ ಎಲ್ಲರೂ ನಗುತ್ತಾರೆ, ಆದರೆ ಲೆಕ್ಕ ಸರಿ ಅಲ್ವಾ?

ಹಾಗಾದರೆ ಜಗಳ ಯಾಕೆ? ಯಾವಾಗ ಸಿಗುತ್ತಾರೆ ಎನ್ನುವುದಕ್ಕೆ. 2024-25ರಲ್ಲಿ ಲಿವರ್‌ಪೂಲ್ ಏಪ್ರಿಲ್ 27ಕ್ಕೆ ಟಾಟನ್‌ಹ್ಯಾಮನ್ನು 5-1ರಿಂದ ಸೋಲಿಸಿ ಕಪ್ ಖಚಿತ ಮಾಡಿಕೊಂಡಿತು. ಇನ್ನೂ ನಾಲ್ಕು ಪಂದ್ಯ ಬಾಕಿ ಇತ್ತು. ಆ ನಾಲ್ಕರಲ್ಲಿ ಒಂದನ್ನೂ ಗೆಲ್ಲಲಿಲ್ಲ. ಎರಡು ಸೋಲು, ಎರಡು ಡ್ರಾ. ಮೇ 4ಕ್ಕೆ ಚೆಲ್ಸಿ ಅವರನ್ನು 3-1ರಿಂದ ಸೋಲಿಸಿತು. ಅದೇ ಆಸ್ಟನ್ ವಿಲ್ಲಾಗೆ ಇದೇ ಲಿವರ್‌ಪೂಲ್ ಸಿಕ್ಕಿದ್ದು ನವೆಂಬರಿನಲ್ಲಿ ಮತ್ತು ಫೆಬ್ರವರಿಯಲ್ಲಿ, ಹಸಿದಿದ್ದಾಗ. ಕೊನೆಗೆ ಚೆಲ್ಸಿ 69 ಪಾಯಿಂಟಿನಿಂದ ನಾಲ್ಕನೆಯವರು. ವಿಲ್ಲಾ 66ರಲ್ಲಿ ಆರನೆಯವರಾಗಿ ನಿಂತು, ಆ ಸಲ ಮೊದಲ ಐದು ಟೀಮಿಗೆ ಸಿಕ್ಕ ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್ಬುಗಳ ದೊಡ್ಡ ಕಪ್) ತಪ್ಪಿಸಿಕೊಂಡಿತು.

"ನೋಡು, ಇದು ಮೋಸ" ಎಂದ ಒಬ್ಬ ಹುಡುಗ. ದೂರು ಸುಳ್ಳಲ್ಲ. ಆದರೆ ದೂರು ಸರಿ ಇದ್ದ ಮಾತ್ರಕ್ಕೆ ಫಲ ಬದಲಾಗುತ್ತಿತ್ತಾ ಎಂದೂ ನೋಡಬೇಕು. ಪುಸ್ತಕ ತೆಗೆದು ಅವನ ಎದುರೇ ಲೆಕ್ಕ ಹಾಕಿದೆ. ಗೆಲುವಿಗೆ ಮೂರು ಪಾಯಿಂಟ್, ಚೆಲ್ಸಿ ಆ ಪಂದ್ಯ ಸೋತಿದ್ದರೆ ಅವರದ್ದೂ 66. ಪಾಯಿಂಟ್ ಸಮ ಆದರೆ ನೋಡುವುದು ಗೋಲು ವ್ಯತ್ಯಾಸ, ಹೊಡೆದದ್ದರಲ್ಲಿ ಹೊಡೆಸಿಕೊಂಡದ್ದು ಕಳೆದು. ಅವರದ್ದು 21, ವಿಲ್ಲಾದ್ದು 7. ಒಂದೆರಡು ಗೋಲಿನ ಸೋಲಿಗೆ ಆ ಅಂತರ ಮುಚ್ಚುತ್ತಿರಲಿಲ್ಲ. ವಿಲ್ಲಾ ಹೇಗೂ ಆರನೆಯವರೇ. ಹುಡುಗ ಸುಮ್ಮನಾದ, ಒಪ್ಪಲಿಲ್ಲ.

ಇದೆಲ್ಲ ನನಗೆ ತಲೆಗೆ ಹತ್ತಿದ್ದು ನಮ್ಮ ಗದ್ದೆಯ ಲೀಗಿನಿಂದ. ಎಂಟು ಟೀಮಿಗೆ ಫಿಕ್ಸ್ಚರ್ ಹಾಕುವುದು ಸುಲಭ ಎಂದು ಎಲ್ಲರೂ ತಿಳಿಯುತ್ತಾರೆ. ಹಾಳೆಯಲ್ಲಿ ಮೇಲಿನ ಸಾಲು 1, 2, 3, 4. ಕೆಳಗಿನ ಸಾಲು 8, 7, 6, 5. ಮೇಲೆ ಕೆಳಗೆ ಇರುವವರು ಜೋಡಿ. ಮುಂದಿನ ಸುತ್ತಿಗೆ 1 ಅಲ್ಲೇ ಇರುತ್ತದೆ, ಉಳಿದವರೆಲ್ಲ ಗಡಿಯಾರದ ಮುಳ್ಳಿನ ಹಾಗೆ ಒಂದು ಮನೆ ಸುತ್ತುತ್ತಾರೆ. ಏಳು ಸುತ್ತು, 28 ಪಂದ್ಯ, ಎಲ್ಲರೂ ಎಲ್ಲರ ಜೊತೆ. ಮುಗಿಯಿತು ಅನಿಸುತ್ತದೆ.

ಮುಗಿಯುವುದಿಲ್ಲ. ಈ ಹಾಳೆಯನ್ನು ಒಮ್ಮೆ ಕೈಯಾರೆ ಬರೆದು ನೋಡಿ. 2ನೇ ನಂಬರಿನವರಿಗೆ ಸಿಗುವ ಎದುರಾಳಿ, ಎರಡನೇ ಸುತ್ತಿನಿಂದ ಐದನೇ ಸುತ್ತಿನವರೆಗೆ ಸಾಲಾಗಿ, ಹಿಂದಿನ ವಾರ 4ನೇ ನಂಬರಿನ ಜೊತೆ ಆಡಿ ಬಂದವರೇ ಆಗಿರುತ್ತಾರೆ. 4 ಎಂದರೆ ಕಾಲಿಗೇ ಹಾಕುವ ಟೀಮು ಎಂದು ಇಟ್ಟುಕೊಳ್ಳಿ. ಪ್ರತಿ ವಾರ ಯಾರಾದರೂ ಕುಂಟುತ್ತಾ ಹೊರಗೆ ಬರುತ್ತಾರೆ, ಯಾರಿಗಾದರೂ ಕೆಂಪು ಕಾರ್ಡು. ಅವರನ್ನು ಮುಂದಿನ ವಾರ 2ನೇ ನಂಬರಿನವರು ಆರಾಮವಾಗಿ ಮಡಚುತ್ತಾರೆ. ಯಾರೂ ಮೋಸ ಮಾಡಿಲ್ಲ, ಹಾಳೆಯೇ ಹಾಗೆ. ಆದ್ದರಿಂದ ಏಳು ಸುತ್ತಿನ ಜೋಡಿಗಳು ಸಿದ್ಧವಾದ ಮೇಲೆ ಯಾವ ಸುತ್ತು ಮೊದಲು, ಯಾವುದು ಆಮೇಲೆ ಎಂದೂ ಚೀಟಿ ಎತ್ತಿಸುತ್ತೇನೆ. ಆಗ ಈ ಸಾಲು ಸುಮಾರಾಗಿ ಒಡೆದುಹೋಗುತ್ತದೆ.

ಚೀಟಿ ಎತ್ತುವ ಕ್ರಮವೂ ಮುಖ್ಯ. ನಂಬರಿನ ಹಾಳೆಯನ್ನು ಮೊದಲೇ ತುಂಬಿ, ಸಮಯ ಸಮೇತ, ಕ್ಲಬ್ಬಿನ ಗೋಡೆಗೆ ಅಂಟಿಸುತ್ತೇನೆ. ಆಮೇಲೆ ಎಂಟೂ ಕ್ಯಾಪ್ಟನ್‌ಗಳನ್ನು ಕರೆದು, ಒಬ್ಬ ಸಣ್ಣ ಹುಡುಗನ ಕೈಯಲ್ಲಿ ಚೀಟಿ ಎತ್ತಿಸಿ, ಯಾವ ಟೀಮು ಯಾವ ನಂಬರು ಎಂದು ತೀರ್ಮಾನ. ನಾನು ಹಾಳೆ ಮಾಡುವಾಗ ಯಾರ ಹೆಸರೂ ಅದರಲ್ಲಿರುವುದಿಲ್ಲ. "ನೀನು ಇಂಥವರಿಗೆ ಬೇಕೆಂದೇ ಹಾಕಿದ್ದೀ" ಎಂದು ಹೇಳಲು ಯಾರಿಗೂ ಜಾಗ ಉಳಿಯುವುದಿಲ್ಲ.

ಸಮಯದ್ದೇ ದೊಡ್ಡ ತಲೆನೋವು. ನಾಲ್ಕೂವರೆಯ ಪಂದ್ಯ ಯಾರಿಗೂ ಬೇಡ. ಮೊದಲ ಹಾಫಿನಲ್ಲಿ ಬಿಸಿಲು ಮೇಲಿರುತ್ತದೆ, ಅಷ್ಟು ತೊಂದರೆ ಇಲ್ಲ. ಎರಡನೇ ಹಾಫಿಗೆ ಸೂರ್ಯ ತೆಂಗಿನ ಗರಿಗಳ ಕೆಳಗೆ ಇಳಿದು ಮೂಡಣ ಗೋಲಿನಲ್ಲಿ ನಿಂತ ಗೋಲಿಯ ಕಣ್ಣಿಗೇ ಹೊಡೆಯುತ್ತಾನೆ. ಎತ್ತರದಲ್ಲಿ ಬರುವ ಚೆಂಡು ಅವನಿಗೆ ಕಾಣುವುದೇ ಇಲ್ಲ. ಬುದ್ಧಿ ಇರುವ ಕ್ಯಾಪ್ಟನ್ ಟಾಸ್ ಗೆದ್ದರೆ ಮೊದಲ ಹಾಫಿಗೇ ಪಡುವಣಕ್ಕೆ ಮುಖ ಮಾಡಿ ನಿಲ್ಲುತ್ತಾನೆ. ರಾತ್ರಿಯ ಪಂದ್ಯ ಎಂದರೆ ಲೈಟು, ಜನ, ಆದರೆ ತಡವಾದರೆ ಇಬ್ಬನಿ ಬಿದ್ದು ಚೆಂಡು ಜಾರುತ್ತದೆ. ರಂಜಾನ್ ಬಂದರೆ ಉಪವಾಸದ ಹುಡುಗರನ್ನು ನಾಲ್ಕೂವರೆಗೆ ಹಾಕುವ ಹಾಗಿಲ್ಲ, ರಾತ್ರಿಯ ತರಾವೀಹ್ ನಮಾಜ್ ಮುಗಿದ ಮೇಲೆಯೇ. ಹತ್ತಿರದಲ್ಲಿ ನೇಮ, ಉರೂಸ್, ಯಕ್ಷಗಾನ ಇದ್ದರೆ ಜನರೂ ಇಲ್ಲ, ಬಾಡಿಗೆಯ ಲೈಟೂ ಇಲ್ಲ. ಒಬ್ಬೊಬ್ಬರಿಗೆ ಏಳು ಪಂದ್ಯ, ಎಷ್ಟು ಹೊಂದಿಸಿದರೂ ಬಿಸಿಲಿನ ಪಂದ್ಯ ಕೆಲವರಿಗೆ ನಾಲ್ಕು, ಕೆಲವರಿಗೆ ಮೂರು. ಪೂರ್ತಿ ಸಮ ಎಂಬುದು ಸಾಧ್ಯವೇ ಇಲ್ಲ.

ಇಂಗ್ಲೆಂಡಿನಲ್ಲಿ 380 ಪಂದ್ಯಕ್ಕೆ ಕಂಪ್ಯೂಟರ್ ಇದೆ, ಆದರೂ ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಲಿವರ್‌ಪೂಲ್ ಮತ್ತು ಎವರ್ಟನ್ ಒಂದೇ ದಿನ ತಮ್ಮೂರಲ್ಲಿ ಆಡದ ಹಾಗೆ ಆದಷ್ಟು ನೋಡಿಕೊಳ್ಳಬೇಕು, ಪೊಲೀಸರಿಗೆ ಕಷ್ಟ. ಮ್ಯಾಂಚೆಸ್ಟರಿನ ಎರಡು ಟೀಮಿಗೂ ಹಾಗೆಯೇ. ಯಾವ ಐದು ಪಂದ್ಯ ಸಾಲಾಗಿ ತೆಗೆದರೂ ಮನೆಯಲ್ಲಿ ಮೂರು ಹೊರಗೆ ಎರಡು, ಇಲ್ಲವೇ ತಿರುಗುಮುರುಗು ಬರುವ ಹಾಗೆ ನೋಡಿಕೊಳ್ಳುತ್ತಾರೆ. ಇಷ್ಟೆಲ್ಲ ಮಾಡಿ ಜೂನಿನಲ್ಲಿ ಪಟ್ಟಿ ಬಿಟ್ಟ ಮೇಲೆ ಟಿವಿಯವರು ಬಂದು ಸಮಯ ಬದಲಿಸುತ್ತಾರೆ. ನನ್ನ ಪ್ರಕಾರ ನಿಜವಾದ ಅನ್ಯಾಯ ಹುಟ್ಟುವುದು ಇಲ್ಲಿ. ಬುಧವಾರ ರಾತ್ರಿ ಚಾಂಪಿಯನ್ಸ್ ಲೀಗ್ ಆಡಿದ ಟೀಮು ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ಮತ್ತೆ ಇಳಿಯಬೇಕೆಂದರೆ ನಡುವೆ ಸಿಗುವುದು 62-63 ಗಂಟೆ. ಲಿವರ್‌ಪೂಲಿನ ಹಿಂದಿನ ಕೋಚ್ ಕ್ಲಾಪ್ ಈ ಹೊತ್ತಿನ ಬಗ್ಗೆ ಎಷ್ಟು ಸಲ ರೇಗಿದ್ದರೋ. ನಮಗೆ ಅದು ಚಳಿಗಾಲದಲ್ಲಿ ಸಂಜೆ ಆರು ಗಂಟೆ, ಚಾ ಮತ್ತು ಗೋಳಿಬಜೆಯ ಹೊತ್ತು. ನಮಗೆ ಸುಖ, ಅವರ ಕಾಲಿಗೆ ಶಿಕ್ಷೆ. ಅದಕ್ಕೇ ನನ್ನ ಪುಸ್ತಕದಲ್ಲಿ ಪಂದ್ಯದ ಎದುರಿಗೆ ನಡುವೆ ಸಿಕ್ಕ ದಿನ ಎಷ್ಟು ಎಂದು ಒಂದು ಕಾಲಮು ಇದೆ. ಎದುರಾಳಿಗೆ ಎಷ್ಟು ದಿನ ಸಿಕ್ಕಿತು ಎಂಬುದಕ್ಕೂ ಒಂದು. ಒಂದು ಕಡೆಯದು ಮಾತ್ರ ಬರೆದರೆ ಅದು ಫ್ಯಾನ್ ಲೆಕ್ಕ.

ಇನ್ನು ಕಪ್ ಯಾರಿಗೆ ಎಂಬ ಪ್ರಶ್ನೆ. ಹತ್ತು ಪಂದ್ಯ ಆಗುವಷ್ಟರಲ್ಲಿ ಎಲ್ಲರೂ ಪಾಯಿಂಟ್ ಪಟ್ಟಿ ಹಿಡಿದು ಕೂಗುತ್ತಾರೆ. ನಾನು ಪಟ್ಟಿಯ ಪಕ್ಕ ಇನ್ನೊಂದು ಅಂದಾಜು ಇಡುತ್ತೇನೆ. ಕಪ್ಪಿಗೆ ಆಡುವ ಟೀಮಿಗೆ 19 ಎದುರಾಳಿಗಳಲ್ಲಿ ಐದು ಬಲಿಷ್ಠರು, 14 ಉಳಿದವರು ಎಂದಿಟ್ಟುಕೊಳ್ಳಿ. ಉಳಿದವರ ಮೇಲೆ ತಮ್ಮೂರಲ್ಲಿ 3 ಪಾಯಿಂಟ್ ಬರಲೇಬೇಕು, ಹೊರಗೆ ಸರಾಸರಿ 2. ಬಲಿಷ್ಠರ ಮೇಲೆ ತಮ್ಮೂರಲ್ಲಿ 2, ಹೊರಗೆ 1. ಕೂಡಿಸಿದರೆ 42, 28, 10, 5. ಒಟ್ಟು 85. ಲಿವರ್‌ಪೂಲ್ 2024-25ರಲ್ಲಿ ಗೆದ್ದದ್ದು 84ಕ್ಕೆ. ಸಿಟಿ 2022-23ರಲ್ಲಿ 89, ಮರುವರ್ಷ 91. ಅಂದಾಜು ತೀರಾ ಕೆಟ್ಟದ್ದಲ್ಲ.

ಈಗ ನೋಡಿ. ಒಂದು ಟೀಮು ಹತ್ತು ಪಂದ್ಯದಲ್ಲಿ 25 ಪಾಯಿಂಟ್ ಮಾಡಿದೆ. ಆಡಿದ್ದು ಉಳಿದವರ ಮೇಲೆ ತಮ್ಮೂರಲ್ಲಿ ಆರು, ಹೊರಗೆ ಮೂರು, ಬಲಿಷ್ಠರೊಬ್ಬರ ಮೇಲೆ ತಮ್ಮೂರಲ್ಲಿ ಒಂದು. ಬರಬೇಕಾದದ್ದು 26, ಒಂದು ಕಡಿಮೆ. ಇನ್ನೊಂದು ಟೀಮಿಗೆ 22 ಮಾತ್ರ. ಆದರೆ ಅವರು ಬಲಿಷ್ಠರನ್ನು ಆಗಲೇ ನಾಲ್ಕು ಸಲ ಕಂಡಿದ್ದಾರೆ, ಎರಡು ಮನೆಯಲ್ಲಿ, ಎರಡು ಹೊರಗೆ. ಉಳಿದವರ ಮೇಲೆ ಮನೆಯಲ್ಲಿ ಮೂರು, ಹೊರಗೆ ಮೂರು. ಬರಬೇಕಾದದ್ದು 21, ಒಂದು ಜಾಸ್ತಿ. ಪಟ್ಟಿಯಲ್ಲಿ ಮೊದಲನೆಯವರು ಮೂರು ಪಾಯಿಂಟ್ ಮುಂದೆ, ನನ್ನ ಪುಸ್ತಕದಲ್ಲಿ ಎರಡನೆಯವರು ಎರಡು ಮುಂದೆ. ಬಾಜಿ ಕಟ್ಟುವವರಿಗೆ ನಾನು ಈ ಪುಸ್ತಕ ತೋರಿಸುವುದಿಲ್ಲ.

ಲೆಕ್ಕಕ್ಕೆ ಸಿಗದ್ದೂ ಇದೆ. ನಮ್ಮಲ್ಲಿ ಗೆಸ್ಟ್ ಆಟಗಾರ ಆ ವಾರ ಬೇರೆ ಊರಿನ ಟೂರ್ನಮೆಂಟಿಗೆ ಹೋದರೆ ಟೀಮು ಅರ್ಧ ಆಗುತ್ತದೆ. ಅಲ್ಲಿ 2024ರ ಜನವರಿಯಲ್ಲಿ ಲಿವರ್‌ಪೂಲಿನ ಸಲಾಹ್ ಈಜಿಪ್ಟಿಗಾಗಿ ಆಫ್ರಿಕಾ ಕಪ್ಪಿಗೆ ಹೋದ ಹಾಗೆ. 2018-19ರಲ್ಲಿ ಲಿವರ್‌ಪೂಲ್ ಇಡೀ ಸೀಸನ್ ಲೀಗಿನಲ್ಲಿ ಸೋತದ್ದು ಒಂದೇ ಪಂದ್ಯ, ಸಿಟಿಯ ಊರಲ್ಲಿ, ಜನವರಿ 3ಕ್ಕೆ. ಆ ದಿನ ಸಿಟಿಯ ಸ್ಟೋನ್ಸ್ ಗೋಲು ಗೆರೆಯ ಮೇಲಿಂದ ಹೊರಗೆ ಒದ್ದ ಚೆಂಡು ಪೂರ್ತಿ ಒಳಗೆ ಹೋಗಲು ಬಾಕಿ ಇದ್ದದ್ದು ಸುಮಾರು 11 ಮಿಲಿಮೀಟರ್. ಕೊನೆಗೆ ಸಿಟಿ 98, ಲಿವರ್‌ಪೂಲ್ 97. ಇದಕ್ಕೆ ಯಾವ ಕಾಲಮು ಹಾಕುವುದು?

ಎದುರಾಳಿಯ ಮನಸ್ಸಿಗೂ ಕಾಲಮು ಇಲ್ಲ. 2024ರ ಮೇ 14ರಂದು ಸಿಟಿ ಬಾಕಿ ಇದ್ದ ಪಂದ್ಯಕ್ಕೆ ಟಾಟನ್‌ಹ್ಯಾಮಿಗೆ ಹೋಯಿತು. ಆರ್ಸೆನಲ್ 37 ಆಡಿ 86, ಸಿಟಿ 36 ಆಡಿ 85. ಟಾಟನ್‌ಹ್ಯಾಮಿಗೆ ನಾಲ್ಕನೇ ಸ್ಥಾನದ ಆಸೆ ಉಳಿಯಬೇಕಾದರೆ ಗೆಲ್ಲಬೇಕು. ಗೆದ್ದರೆ ಕಪ್ ಹತ್ತಿರ ಬರುವುದು ಪಕ್ಕದ ಮನೆಯ ಶತ್ರು ಆರ್ಸೆನಲ್‌ಗೆ. ಅವರದ್ದೇ ಕೆಲವು ಫ್ಯಾನ್‌ಗಳು ತಮ್ಮ ಟೀಮು ಸೋಲಲಿ ಎಂದರು, ಕೋಚ್ ಪೊಸ್ಟೆಕೊಗ್ಲುಗೆ ಸಿಟ್ಟು ನೆತ್ತಿಗೇರಿತು. ಸಿಟಿ 1-0 ಮುಂದಿದ್ದಾಗ ಟಾಟನ್‌ಹ್ಯಾಮಿನ ಸನ್ ಒಬ್ಬನೇ ನುಗ್ಗಿದ, ಸಿಟಿಯ ಬದಲಿ ಗೋಲಿ ಒರ್ಟೆಗಾ ಕಾಲಿನಿಂದ ತಡೆದ. ಸಿಟಿ 2-0. ನಮ್ಮ ಅಂಗಡಿಯ ಆರ್ಸೆನಲ್ ಅಣ್ಣಂದಿರು ಆ ವಾರ ಚಾಕ್ಕೆ ಬರಲೇ ಇಲ್ಲ.

ಕೊನೆಯ ಸುತ್ತಿನ ವಿಷಯದಲ್ಲಿ ಮಾತ್ರ ನಾನು ಹಠಮಾರಿ. 1982ರ ವಿಶ್ವಕಪ್ಪಿನಲ್ಲಿ ಅಲ್ಜೀರಿಯಾ ತನ್ನ ಕೊನೆಯ ಪಂದ್ಯವನ್ನು ಹಿಂದಿನ ದಿನವೇ ಮುಗಿಸಿತ್ತು. ಪಶ್ಚಿಮ ಜರ್ಮನಿ 1-0 ಗೆದ್ದರೆ ತಾವೂ ಆಸ್ಟ್ರಿಯಾವೂ ಒಟ್ಟಿಗೆ ಮುಂದೆ ಹೋಗುತ್ತೇವೆ ಎಂದು ಇಬ್ಬರಿಗೂ ಗೊತ್ತಿತ್ತು. ಹತ್ತನೇ ನಿಮಿಷಕ್ಕೆ ಗೋಲು ಬಿತ್ತು, ಆಮೇಲೆ ಸುಮ್ನೆ ಚೆಂಡು ತಳ್ಳಿ ಹೊತ್ತು ಕಳೆದರು. ಅಲ್ಜೀರಿಯಾ ಮನೆಗೆ. ಅದಾದ ಮೇಲೆಯೇ ಕೊನೆಯ ಗುಂಪು ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸಲು ಶುರು ಮಾಡಿದ್ದು. ಪ್ರೀಮಿಯರ್ ಲೀಗಿನಲ್ಲೂ ಕೊನೆಯ ದಿನ ಹತ್ತೂ ಪಂದ್ಯ ಒಟ್ಟಿಗೆ.

ನಮಗೆ ಇರುವುದು ಒಂದೇ ಗದ್ದೆ. ಆದ್ದರಿಂದ ಈ ಸಲ ಕಪ್ಪಿಗೆ ಸಂಬಂಧಪಟ್ಟ ಕೊನೆಯ ಎರಡು ಪಂದ್ಯಕ್ಕೆ ಹತ್ತಿರದ ಶಾಲೆಯ ಮೈದಾನವನ್ನೂ ಕೇಳಿದ್ದೇವೆ. ಅಲ್ಲಿ ಲೈಟ್ ಇಲ್ಲ, ಹಾಗಾಗಿ ಎರಡೂ ನಾಲ್ಕೂವರೆಗೇ ಶುರುವಾಗಬೇಕು. ಎರಡು ಕಡೆಯ ರೆಫ್ರಿಗಳು ಫೋನಿನಲ್ಲಿ ಮಾತಾಡಿಕೊಂಡು ಒಟ್ಟಿಗೆ ಸೀಟಿ ಊದಲಿ ಎಂದಿದ್ದೇನೆ. "ಫೋನ್ ಇಟ್ಟುಕೊಂಡರೆ ಅಲ್ಲಿಯ ಸ್ಕೋರೂ ಗೊತ್ತಾಗ್ತದಲ್ಲ, ಎಂತ ಮಾರಾಯ?" ಎಂದು ಚಾ ಅಂಗಡಿಯ ಇಚ್ಚ ಕೇಳಿದ್ದಾರೆ. ಸೀಟಿ ಊದಿದ ಮೇಲೆ ಫೋನ್ ನನ್ನ ಕೈಗೆ ಕೊಡಬೇಕು ಎಂದು ನಿಯಮಕ್ಕೆ ಇನ್ನೊಂದು ಗೆರೆ ಸೇರಿಸಿದ್ದೇನೆ. ಪ್ರೇಕ್ಷಕರ ಜೇಬಿನಲ್ಲಿರುವ ಫೋನುಗಳಿಗೆ ಏನು ಮಾಡುವುದೆಂದು ಕಮಿಟಿ ಭಾನುವಾರ ಕೂರುತ್ತದೆ.