ಮೈಕ್ ತಗ್ಗಿಸಿದೆವು, ಸಭೆ ಹಾಡಿತು: ನನ್ನ ಅನುಭವ

ನಮ್ಮ ಚರ್ಚಿನ ಸಭೆ ಈಗ ಹಾಡುತ್ತದೆ. ಆರಾಧನೆ ನಡೆಸಿ ಅಭ್ಯಾಸ ಇರುವವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ಗಂಡಸರು ಕೂಡ ಬಾಯಿ ಬಿಡುತ್ತಿದ್ದಾರೆ. "ಹೀಗೆ ಮಾಡಿದರೆ ಯುವಕರೆಲ್ಲ ಬೇರೆ ಸಭೆಗೆ ಹೋಗ್ತಾರೆ, ಬರೆದಿಟ್ಟುಕೊಳ್ಳಿ ಬ್ರದರ್" ಎಂದಿದ್ದ ಹಿರಿಯರೇ ಈಗ ಬೇರೆ ಸಭೆಯವರನ್ನು ಕರೆದುಕೊಂಡು ಬಂದು ತೋರಿಸುತ್ತಾರೆ. ಹೇಗೆ ಮಾಡಿದಿರಿ ಎಂದು ಕೇಳುವವರು ಜಾಸ್ತಿಯಾದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ನಾನು ಆರಾಧನೆಯ ಜವಾಬ್ದಾರಿ ವಹಿಸಿಕೊಂಡಾಗ ವರ್ಷದ ಕಾಣಿಕೆಯಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಸೌಂಡಿಗೂ ಲೈಟಿಗೂ ಹೋಗುತ್ತಿತ್ತು. ಮಿಕ್ಸರ್ ಕಂತು, ಮಾನಿಟರ್ ರಿಪೇರಿ, ಕೇಬಲ್, ಆಪರೇಟರ್ ಖರ್ಚು. ದೀನರ ನಿಧಿಗೆ ಇಪ್ಪತ್ತರಲ್ಲಿ ಒಂದು ಪಾಲೂ ಇರಲಿಲ್ಲ ಅನ್ನಿಸುತ್ತದೆ. ನಮಗೆ ಸ್ಪೀಕರ್ ಮಾರಿದವರು ನಮ್ಮ ಹಾಲ್‌ಗೆ ಬೇಕಾದದ್ದಕ್ಕಿಂತ ಮೂರು ಪಟ್ಟು ದೊಡ್ಡದನ್ನೇ ಕೊಟ್ಟಿದ್ದರು. ಕೊಂಡ ಮೇಲೆ ಬಳಸದೆ ಇರಲಾಗುತ್ತದೆಯೇ? ದನಿ ಏರುತ್ತಾ ಹೋಯಿತು.

ಜನ ಹಾಡುತ್ತಿಲ್ಲ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಮದ್ದು ಮಾತ್ರ ಒಬ್ಬೊಬ್ಬರದು ಒಂದೊಂದು. ಹೊಸ ಹಾಡು ತನ್ನಿ ಎಂದರು, ತಂದೆವು. ವಾರಕ್ಕೆ ಎರಡು ಹೊಸ ಹಾಡು. ಯಾವುದೂ ಯಾರ ಬಾಯಿಗೂ ಬರಲಿಲ್ಲ. ನಾಯಕ ಜನರನ್ನು ಹುರಿದುಂಬಿಸಬೇಕು ಎಂದರು. "ಜೋರಾಗಿ, ಇನ್ನೂ ಜೋರಾಗಿ" ಎಂದು ಮೈಕ್‌ನಲ್ಲಿ ಕೂಗಿದ್ದೂ ಆಯಿತು. ಚಪ್ಪಾಳೆ ಬಂತು, ಹಾಡು ಬರಲಿಲ್ಲ. ಗಾಯಕರನ್ನು ಜಾಸ್ತಿ ಮಾಡಿದೆವು. ಆಗಂತೂ ಸಭೆ ಪೂರ್ತಿ ಸುಮ್ಮನಾಯಿತು. ಇಷ್ಟು ಚೆನ್ನಾಗಿ ಹಾಡುವವರು ಮುಂದೆ ಇರುವಾಗ ತಮ್ಮ ದನಿ ಯಾರಿಗೆ ಬೇಕು ಅಂತ ಅವರಿಗೆ ಅನ್ನಿಸಿದ್ದರೆ ತಪ್ಪಿಲ್ಲ, ಅಲ್ವಾ? ಇದೇನೂ ಹೊಸ ರೋಗವಲ್ಲ. 4ನೇ ಶತಮಾನದಲ್ಲಿ ಇಂದಿನ ಟರ್ಕಿಯ ಲವೊದಿಕೀಯದಲ್ಲಿ ಸೇರಿದ್ದ ಸಭಾನಾಯಕರ ಕೂಟ, ನೇಮಕವಾದ ಗಾಯಕರನ್ನು ಬಿಟ್ಟು ಬೇರೆ ಯಾರೂ ಸಭೆಯಲ್ಲಿ ಹಾಡಕೂಡದು ಎಂದು ನಿಯಮವನ್ನೇ ಮಾಡಿತ್ತು. ನಾವು ನಿಯಮ ಮಾಡದೆಯೇ ಅಲ್ಲಿಗೆ ಮುಟ್ಟಿದ್ದೆವು.

ದಾರಿ ಸಿಕ್ಕಿದ್ದು ಒಂದು ಸ್ಟಾಪ್‌ವಾಚ್‌ನಿಂದ. ಒಂದು ಹಾಳೆಯಲ್ಲಿ ಎರಡು ಅಂಕಣ ಎಳೆದೆ: ವೇದಿಕೆ, ಸಭೆ. ಹಿಂದೆ ಕೂತು, ಯಾರ ಬಾಯಿ ಅಥವಾ ಕೈ ಕೆಲಸ ಮಾಡುತ್ತಿದೆ ಎಂದು ನೋಡಿ ನಿಮಿಷ ಬರೆದುಕೊಂಡೆ. ಕೂಟ ಸುಮಾರು ತೊಂಬತ್ತು ನಿಮಿಷ. ಪ್ರಸಂಗ, ಅಂದರೆ ಸಭಾಪಾಲಕರ ಬೋಧನೆ, ನಲವತ್ತರ ಆಸುಪಾಸು. ಪ್ರಕಟಣೆ ಹತ್ತು ಹನ್ನೆರಡು. ಪ್ರಾರ್ಥನೆ ಎಲ್ಲಾ ಒಬ್ಬರದೇ. ಸತ್ಯವೇದ (ಬೈಬಲ್) ಓದಿದ್ದು ಮೂರು ನಿಮಿಷಕ್ಕಿಂತ ಕಡಿಮೆ. ಹಾಡು ಇಪ್ಪತ್ತೈದು ನಿಮಿಷ ಇತ್ತು, ಅದರಲ್ಲಿ ಜನರ ತುಟಿ ಅಲ್ಲಾಡಿದ್ದು ಏಳೆಂಟು ನಿಮಿಷ. ಸಭೆ ಅಂಕಣದ ಮೊತ್ತ ಹತ್ತು ನಿಮಿಷ ದಾಟಲಿಲ್ಲ. ಆ ಹಾಳೆಯನ್ನು ಹಿರಿಯರ ಮಂಡಳಿಯ ಮುಂದೆ ಇಟ್ಟೆ. ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

ಪಕ್ಕದಲ್ಲೇ ಇನ್ನೊಂದು ಕಾಗದ ಇಟ್ಟಿದ್ದೆ. ಸುಮಾರು ಕ್ರಿ.ಶ. 155ರಲ್ಲಿ ರೋಮ್‌ನಲ್ಲಿದ್ದ ಜಸ್ಟಿನ್ ಎಂಬ ಕ್ರೈಸ್ತ ಬೋಧಕ, ರೋಮ್ ಚಕ್ರವರ್ತಿಗೆ ಬರೆದ ಮನವಿಯಲ್ಲಿ ಭಾನುವಾರದ ಕೂಟ ಹೇಗೆ ನಡೆಯುತ್ತಿತ್ತು ಎಂದು ಹೇಳಿದ್ದಾನೆ. ಅಪೊಸ್ತಲರ ಅಥವಾ ಪ್ರವಾದಿಗಳ ಬರಹವನ್ನು ಸಮಯ ಇರುವಷ್ಟು ಹೊತ್ತು ಓದುತ್ತಿದ್ದರು. ಮುಖ್ಯಸ್ಥ ಬುದ್ಧಿಮಾತು ಹೇಳುತ್ತಿದ್ದ. ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಿದ್ದರು. ರೊಟ್ಟಿ, ದ್ರಾಕ್ಷಾರಸ ಬರುತ್ತಿತ್ತು. ಜನ ಆಮೆನ್ ಅನ್ನುತ್ತಿದ್ದರು. ಬರಲಾಗದವರಿಗೆ ಸಭಾಸೇವಕರು ಒಯ್ದು ಕೊಡುತ್ತಿದ್ದರು. ಇದ್ದವರು ಕೊಟ್ಟ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ, ಪರಸ್ಥಳದವರಿಗೆ ಹೋಗುತ್ತಿತ್ತು. ಸತ್ಯವೇದದ ಅಪೊಸ್ತಲರ ಕೃತ್ಯಗಳು 2:42ರಲ್ಲಿ ಇರುವುದೂ ಹೆಚ್ಚುಕಡಿಮೆ ಇದೇ: ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ನಾನು ಒಂದೇ ಮಾತು ಹೇಳಿದೆ: ಇದರಲ್ಲಿ ಜನರ ಪಾಲು ಯಾವುದೋ ಅದನ್ನು ಜನರಿಗೆ ವಾಪಸ್ ಕೊಡೋಣ. ಕಸಿದುಕೊಳ್ಳುವುದು ಏನಿದ್ದರೂ ಹೋಗಲಿ.

ಸೌಂಡ್‌ನಿಂದ ಶುರು ಮಾಡಿದೆ. ಹಾಲ್ ಮಧ್ಯದಲ್ಲಿ ಫೋನ್ ಆಪ್ 95 ಡೆಸಿಬಲ್ ತೋರಿಸುತ್ತಿತ್ತು. ಆಪ್ ಪೂರ್ತಿ ನಂಬುವಂಥದ್ದಲ್ಲ, ಆದರೆ ಮೊದಲಿಗೂ ಆಮೇಲಿಗೂ ಹೋಲಿಸಲು ಸಾಕು. ಒಂದೇ ಸಲ ಇಳಿಸಿದರೆ ತಂಡದವರು ಮುನಿಸಿಕೊಳ್ಳುತ್ತಾರೆ. ವಾರಕ್ಕೆ ಎರಡೆರಡು ಇಳಿಸಿ 80ರ ಹತ್ತಿರ ತಂದೆ. ಪಕ್ಕದಲ್ಲಿ ನಿಂತವರ ದನಿ ಕಿವಿಗೆ ಬಿದ್ದ ವಾರದಿಂದಲೇ ವ್ಯತ್ಯಾಸ ಗೊತ್ತಾಯಿತು. ತನ್ನ ಅಕ್ಕಪಕ್ಕ ಹಾಡುವುದು ಕೇಳಿಸಿದರೆ ಮನುಷ್ಯ ಹಾಡುತ್ತಾನೆ. ಡ್ರಮ್ಸ್ ಬಾರಿಸುವ ಹುಡುಗನನ್ನು ಹೇಗೆ ಒಪ್ಪಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅವನೂ ಇದನ್ನು ಓದುತ್ತಾನೆ.

ಆಮೇಲೆ ಶ್ರುತಿ. ಇಲ್ಲಿ ಎಷ್ಟು ಜನ ಎಡವುತ್ತಾರೋ! ರೆಕಾರ್ಡಿಂಗ್‌ಗಳಲ್ಲಿ ಹಾಡುವ ಗಂಡಸರದು ಎತ್ತರದ ದನಿ. ಅದೇ ಶ್ರುತಿಯಲ್ಲಿ ಸಭೆಗೆ ಹಾಡಿಸಿದರೆ ಪಲ್ಲವಿ ಬರುವಷ್ಟರಲ್ಲಿ ಗಂಡಸರ ಗಂಟಲು ಕಟ್ಟುತ್ತದೆ. ನನ್ನ ಲೆಕ್ಕ ಇಷ್ಟು: ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ ಹೇಳುವುದಾದರೆ, ಸಭೆಯ ರಾಗ ಕೆಳಗೆ ಬಿ ಫ್ಲಾಟ್, ಮೇಲೆ ಡಿ. ಅಪರೂಪಕ್ಕೆ ಮೇಲಿನ ಇ, ಅದೂ ಮುಟ್ಟಿ ಬರಲು ಮಾತ್ರ, ಅಲ್ಲೇ ನಿಲ್ಲುವಂತಿಲ್ಲ. ಹೆಚ್ಚಿನ ಹಾಡುಗಳನ್ನು ಮೂರು ನಾಲ್ಕು ಅರ್ಧಸ್ವರ ಇಳಿಸಬೇಕಾಯಿತು. ಬೆಳಗಿನ ಕೂಟಕ್ಕೆ ಇನ್ನೊಂದು ಅರ್ಧಸ್ವರ. ಜಾಸ್ತಿ ಇಳಿಸಿದರೆ ಚರಣದಲ್ಲಿ ಹೆಂಗಸರ ದನಿ ಮಾಯವಾಗುತ್ತದೆ, ಅದೂ ಆಯಿತು. ಎರಡು ಕಡೆಗೂ ಹೊಂದದ ಹಾಡನ್ನು, ಎಷ್ಟೇ ಒಳ್ಳೆಯದಿರಲಿ, ಪಟ್ಟಿಯಿಂದ ತೆಗೆದುಹಾಕಿದೆ. ಇನ್ನೂರರಷ್ಟಿದ್ದ ಪಟ್ಟಿ ಅರವತ್ತಕ್ಕೆ ಇಳಿಯಿತು. ಹೊಸ ಹಾಡು ತಿಂಗಳಿಗೆ ಒಂದೇ, ಅದನ್ನು ನಾಲ್ಕು ವಾರ ಬಿಡದೆ ಹಾಡಿಸುವುದು. ಮೊದಲ ಸಾಲು ಎತ್ತಿಕೊಡುವವರನ್ನು ಸಭೆಯ ನಡುವೆ ಎಲ್ಲೆಲ್ಲಿ ಕೂರಿಸಬೇಕು ಎಂಬ ಉಪಾಯ ಒಂದಿದೆ. ಅದು ನನ್ನ ಹತ್ತಿರವೇ ಇರಲಿ.

ಒಂದು ಅಡ್ಡ ಪ್ರಯೋಗ. ಹಿಂದೆ ಸ್ಪೀಕರ್ ಪ್ರತಿಧ್ವನಿ ತಡೆಯಲು ನೆಲಕ್ಕೆ ಪೂರ್ತಿ ಕಾರ್ಪೆಟ್, ಗೋಡೆಗೆ ದಪ್ಪ ಪರದೆ ಹಾಕಿಸಿದ್ದರು. ಅವು ಜನರ ದನಿಯನ್ನೂ ನುಂಗುತ್ತಿದ್ದವು. ಎಲ್ಲಾ ತೆಗೆಸಿದೆ. ಹಾಡು ಎಂಥ ಚೆನ್ನಾಗಿ ಕೇಳಿಸಿತು ಅಂತೀರಿ! ಆದರೆ ಪ್ರಸಂಗದ ಒಂದು ಮಾತೂ ಹಿಂದಿನವರಿಗೆ ಅರ್ಥವಾಗಲಿಲ್ಲ, ಸಭಾಪಾಲಕರ ಮುಖ ಸಣ್ಣದಾಯಿತು. ಹಿಂದಿನ ಗೋಡೆಯ ಪರದೆ ಮತ್ತೆ ಹಾಕಿ, ನೆಲ ಖಾಲಿ ಬಿಟ್ಟೆವು. ಈಗ ಎರಡಕ್ಕೂ ಸರಿಯಾಗಿದೆ. ಕುರ್ಚಿಗಳನ್ನು ಅರ್ಧವೃತ್ತವಾಗಿ ಜೋಡಿಸಿಯೂ ನೋಡಿದೆ, ಜನ ಒಬ್ಬರ ಮುಖ ಒಬ್ಬರು ನೋಡಲಿ ಅಂತ. ಎಲ್ಲರೂ ಎರಡನೇ ಸಾಲಿಗೆ ನುಗ್ಗಿದರು, ಮೊದಲ ಸಾಲು ಖಾಲಿ. ಬಿಟ್ಟುಬಿಟ್ಟೆ.

ಕೂಟದಲ್ಲಿ ಸತ್ಯವೇದ ಓದುವುದಕ್ಕೆ ಬರೋಣ. ಜಾಸ್ತಿ ವಿರೋಧ ಬಂದದ್ದು ಇಲ್ಲೇ. "ಮನೆಯಲ್ಲೇ ಓದ್ತೀವಲ್ಲ" ಎಂದರು. ಓದುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಅಪೊಸ್ತಲ ಪೌಲನು ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಸಭೆಯ ಮುಂದೆ ಓದುವುದರಲ್ಲಿ ಆಸಕ್ತನಾಗಿರು ಎಂದು ಹೇಳಿದ್ದು ಸುಮ್ನೆ ಅಲ್ಲ. 1992ರಲ್ಲಿ ಹಲವು ಸಭೆಗಳು ಸೇರಿ ಸಿದ್ಧಮಾಡಿದ, ಯಾವ ಭಾನುವಾರ ಯಾವ ಭಾಗ ಓದಬೇಕು ಎಂದು ಹೇಳುವ ಮೂರು ವರ್ಷದ ವಾಚನಪಟ್ಟಿ ಇದೆಯಲ್ಲ, ಅದನ್ನೇ ಹಿಡಿದೆ. ಹಳೆಯ ಒಡಂಬಡಿಕೆ, ಕೀರ್ತನೆ, ಪತ್ರಿಕೆ, ಸುವಾರ್ತೆ. ಅದು ಕಷ್ಟದ ವಚನಗಳನ್ನು ಅಲ್ಲಲ್ಲಿ ಹಾರಿಸುತ್ತದೆ, ನನಗೆ ಅದು ಇಷ್ಟವಿಲ್ಲ. ಹಾರಿಸಿದ್ದನ್ನೂ ಸೇರಿಸಿ ಓದಿಸುತ್ತೇನೆ. ಪ್ರಸಂಗ ಮಾಡುವವರಿಗೆ ಇಷ್ಟವಾದ ಹತ್ತು ಅಧ್ಯಾಯಗಳೇ ಮತ್ತೆ ಮತ್ತೆ ಬರುವುದಾದರೂ ನಿಂತಿತು.

ಮೊದಮೊದಲು ಓದು ಬಹಳ ಕೆಟ್ಟದಾಗಿತ್ತು. ಬೆಳಿಗ್ಗೆ ಬಾಗಿಲಲ್ಲಿ ಯಾರನ್ನೋ ಹಿಡಿದು ಪುಸ್ತಕ ಕೊಟ್ಟರೆ ಇನ್ನೇನಾಗುತ್ತದೆ? ಹೆಸರುಗಳಲ್ಲಿ ತಡವರಿಕೆ, ವಾಕ್ಯದ ನಡುವೆ ಉಸಿರು, ಯಾರ ಮಾತು ಯಾರದ್ದು ತಿಳಿಯದು. ಈಗ ಸೋಮವಾರವೇ ಭಾಗ ಹಂಚುತ್ತೇನೆ. ಮನೆಯಲ್ಲಿ ಗಟ್ಟಿಯಾಗಿ ಮೂರು ಸಲ ಓದಬೇಕು, ಶನಿವಾರ ಒಮ್ಮೆ ನನ್ನ ಮುಂದೆ. ಓದಲು ಬಾರದ ಒಬ್ಬ ಅಜ್ಜಿ ತಮಗೂ ಒಂದು ಸಲ ಕೊಡಿ ಎಂದರು. ಮೊಮ್ಮಗಳ ಬಾಯಿಂದ ಕೇಳಿ ಕೇಳಿ 130ನೇ ಕೀರ್ತನೆ ಬಾಯಿಪಾಠ ಮಾಡಿಕೊಂಡು ಬಂದರು. ಎಂಟೇ ವಚನ. ಮೈಕ್ ಹತ್ತಿರ ನಿಲ್ಲಲಿಲ್ಲ, ಪುಸ್ತಕ ಹಿಡಿಯಲಿಲ್ಲ. ಬೆಳಗಾಗುವುದನ್ನು ಎದುರುನೋಡುವ ಕಾವಲುಗಾರರ ಮಾತು ಬರುವಾಗ ಸೆರಗಿನ ತುದಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅವತ್ತಿನಿಂದ ಓದುವುದಕ್ಕೆ ಜನ ಹುಡುಕುವ ಕೆಲಸ ನನಗಿಲ್ಲ. ಸರದಿ ಎರಡು ತಿಂಗಳಿಗೆ ಹೋಗಿದೆ.

ಪ್ರಾರ್ಥನೆಯಲ್ಲಿ ಒದ್ದಾಡಿದ್ದು ಜಾಸ್ತಿ. ಯಾರಾದರೂ ಪ್ರಾರ್ಥಿಸಬಹುದು ಎಂದು ಬಿಟ್ಟಾಗ ಒಬ್ಬರೇ ಕಾಲು ಗಂಟೆ ತೆಗೆದುಕೊಂಡರು, ಅದರಲ್ಲಿ ಅರ್ಧ ನಮ್ಮೆಲ್ಲರಿಗೂ ಉಪದೇಶ. ಈಗ ಒಬ್ಬರಿಗೆ ಒಂದೇ ವಾಕ್ಯ. ಆಮೇಲೆ ಎಲ್ಲರೂ "ಕರ್ತನೇ, ನಮ್ಮ ಮೊರೆ ಕೇಳು" ಅನ್ನುತ್ತಾರೆ. ಒಂದು ವಾಕ್ಯ ಎಂದಾಗ ಬಾಯಿ ತೆಗೆಯದವರೂ ತೆಗೆದರು. "ನನ್ನ ಮಗ ಫೋನ್ ಮಾಡಲಿ ಸ್ವಾಮಿ", ಅಷ್ಟೇ. ಅದಕ್ಕೆ ಇಡೀ ಸಭೆ ಉತ್ತರ ಕೊಡುತ್ತದೆ. ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲಿನಷ್ಟು ಗೋಳಾಟವೇ ಇದೆ, ನಮ್ಮ ಹಾಡಿನ ಪಟ್ಟಿಯಲ್ಲಿ ಒಂದೂ ಇರಲಿಲ್ಲ. ಸಾವಾದ ವಾರದಲ್ಲಿ 88ನೇ ಕೀರ್ತನೆ ಓದಿಸಿದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಕೆಲವರಿಗೆ ಹಿಡಿಸಲಿಲ್ಲ. ಸಾವಿನ ಮನೆಯವರು ಬಂದು ಕೈ ಹಿಡಿದುಕೊಂಡರು.

ಕರ್ತನ ಭೋಜನವನ್ನು, ಅಂದರೆ ರೊಟ್ಟಿ, ದ್ರಾಕ್ಷಾರಸ ಹಂಚುವುದನ್ನು, ಪ್ರತಿ ವಾರ ಮಾಡೋಣ ಎಂದಾಗ "ಬೆಲೆ ಕಡಿಮೆಯಾಗುತ್ತದೆ" ಎಂಬ ಮಾತು ಬಂತು. 16ನೇ ಶತಮಾನದ ಸಭಾಸುಧಾರಕ ಕ್ಯಾಲ್ವಿನ್‌ಗೂ ವಾರಕ್ಕೊಮ್ಮೆಯಾದರೂ ಇರಲಿ ಎಂಬ ಆಸೆ ಇತ್ತು. 1541ರಲ್ಲಿ ಜಿನೀವಾದ ನಗರಸಭೆ ವರ್ಷಕ್ಕೆ ನಾಲ್ಕೇ ಸಲ ಎಂದು ತೀರ್ಮಾನಿಸಿತು. ಅಷ್ಟು ದೊಡ್ಡವರಿಗೆ ಆಗದ್ದು ನಮಗೆ ಆಯಿತು ಎಂದು ತಮಾಷೆಗೆ ಹೇಳಿಕೊಳ್ಳುತ್ತೇನೆ. ನಿಜವಾದ ತೊಂದರೆ ಸಮಯದ್ದು. ಮೊದಲು ಹಂಚಲು ಇಪ್ಪತ್ತೈದು ನಿಮಿಷ ಹಿಡಿಯುತ್ತಿತ್ತು. ಹಂಚುವವರನ್ನು ಎರಡರಿಂದ ಆರಕ್ಕೆ ಏರಿಸಿದೆವು, ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಪ್ರಸಂಗ ಇಪ್ಪತ್ತೆರಡು ನಿಮಿಷಕ್ಕೆ ಇಳಿಯಿತು. ಸಭಾಪಾಲಕರು ಮೊದಲು ಒದ್ದಾಡಿದರು, ಈಗ ಚಿಕ್ಕ ಪ್ರಸಂಗ ತಯಾರು ಮಾಡಲು ದೊಡ್ಡದಕ್ಕಿಂತ ಜಾಸ್ತಿ ಹೊತ್ತು ಬೇಕು ಎಂದು ಗೊಣಗುತ್ತಾರೆ. ಮಧ್ಯಾಹ್ನವೇ ಇಬ್ಬರಿಬ್ಬರು ರೊಟ್ಟಿ, ರಸ ತೆಗೆದುಕೊಂಡು ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. ಇದು ಜಸ್ಟಿನ್‌ನಿಂದ ಕದ್ದದ್ದು.

ದೊಡ್ಡ ಸ್ಪೀಕರ್, ಮಿಕ್ಸರ್ ಮಾರಿದೆವು. ಕೊಂಡ ಬೆಲೆಯಲ್ಲಿ ಮೂರನೇ ಒಂದು ಭಾಗ ಸಿಕ್ಕಿತು, ಚೌಕಾಸಿ ಮಾಡಿದ್ದು ನಾನೇ. ಪ್ರಾಜೆಕ್ಟರ್ ಉಳಿಸಿಕೊಂಡೆ. ಹಾಡಿನ ಹಾಳೆ ಅಚ್ಚು ಮಾಡಿಸಿ ನೋಡಿದಾಗ ಖರ್ಚು ಇನ್ನೂ ಜಾಸ್ತಿ, ಜತೆಗೆ ಜನ ತಲೆ ತಗ್ಗಿಸಿ ಹಾಡಿ ದನಿ ನೆಲಕ್ಕೇ ಹೋಗುತ್ತಿತ್ತು. ಉಳಿದ ಹಣ ಎಲ್ಲಿಗೆ ಹೋಗಬೇಕು ಎಂಬ ಜಗಳ ಹಾಡಿನ ಜಗಳಕ್ಕಿಂತ ದೊಡ್ಡದಾಯಿತು. ಕಟ್ಟಡಕ್ಕೆ ಎಂದರು ಕೆಲವರು. ಆ ವಾರದ ವಾಚನದಲ್ಲಿ ಪ್ರವಾದಿ ಯೆಶಾಯನ ಗ್ರಂಥದ 1ನೇ ಅಧ್ಯಾಯ ಬಂದಿತ್ತು. ಹಬ್ಬಗಳು ನನಗೆ ಹೊರೆ, ಅನಾಥನಿಗೆ ನ್ಯಾಯ ತೀರಿಸಿ, ವಿಧವೆಯ ಪರ ನಿಲ್ಲಿ ಎಂದು ದೇವರು ಹೇಳುವ ಭಾಗ. ನಾನು ಏನೂ ಹೇಳಬೇಕಾಗಲಿಲ್ಲ. ಈಗ ದೀನರ ನಿಧಿ ಕಾಣಿಕೆಯ ಐದನೇ ಒಂದು ಪಾಲಿನ ಹತ್ತಿರ ಇದೆ. ಕಾಣಿಕೆಯೂ ಸ್ವಲ್ಪ ಏರಿದೆ, ಯಾಕೆಂದರೆ ಎಲ್ಲಿಗೆ ಹೋಗುತ್ತದೆ ಎಂದು ತಿಂಗಳಿಗೊಮ್ಮೆ ಗಟ್ಟಿಯಾಗಿ ಓದುತ್ತೇವೆ. ಪಡೆದವರ ಹೆಸರು ಓದುವುದಿಲ್ಲ.

ಯುವಕರು ಹೋದರೇ? ಮೂರು ನಾಲ್ಕು ಜನ ಹೋದರು, ಇಬ್ಬರು ವಾಪಸ್ ಬಂದರು. ಹೊಸಬರು ಬಂದಿದ್ದಾರೆ, ಆದರೆ ನಾನು ತಲೆ ಎಣಿಸುವುದಿಲ್ಲ. ಎಣಿಸುವುದು ಆ ಎರಡು ಅಂಕಣವನ್ನು ಮಾತ್ರ. ಈಚೆಗೆ ಮತ್ತೆ ಸ್ಟಾಪ್‌ವಾಚ್ ಹಿಡಿದಾಗ ಸಭೆಯ ಅಂಕಣ ನಲವತ್ತು ನಿಮಿಷ ದಾಟಿತ್ತು. ಓದಿದ ಮೇಲೆ ಒಂದು ನಿಮಿಷ ಮೌನ ಇರಬೇಕು ಎಂಬ ಪ್ರಯೋಗ ಅರ್ಧ ಮಾತ್ರ ಗೆದ್ದಿದೆ, ಇಪ್ಪತ್ತು ಸೆಕೆಂಡಿಗೆ ಯಾರೋ ಕೆಮ್ಮುತ್ತಾರೆ.

ಪ್ರಕಟಣೆಗಳ ಮುಂದೆ ಮಾತ್ರ ನನ್ನ ಆಟ ನಡೆದಿಲ್ಲ. ಹನ್ನೆರಡು ನಿಮಿಷ ಇದ್ದದ್ದು ಒಂಬತ್ತಾಗಿದೆ. ಕೊನೆಗೆ ಹಾಕಿದರೆ ಜನ ಎದ್ದು ಹೋಗುತ್ತಾರೆ, ಮೊದಲು ಹಾಕಿದರೆ ಅರ್ಧ ಜನ ಬಂದೇ ಇರುವುದಿಲ್ಲ, ನಡುವೆ ಹಾಕಿದರೆ ಪ್ರಾರ್ಥನೆಯ ಗಾಳಿಯೇ ಹೋಗುತ್ತದೆ. ಯಾರಾದರೂ ಇದನ್ನು ಐದು ನಿಮಿಷದೊಳಗೆ ತಂದಿದ್ದರೆ ಹೇಗೆಂದು ಹೇಳಿ. ಬದಲಿಗೆ ನನ್ನ ಶ್ರುತಿಪಟ್ಟಿ ಕೊಡುತ್ತೇನೆ.